ಕೂಗಳತೆ ಛಾಯಾಗ್ರಹಣ ಮೀಮಾಂಸೆ

ಯಾವ ಶಾಸ್ತ್ರಗ್ರಂಥವೇ ಆಗಲಿ, ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಪ್ರಸ್ತುತ ಗ್ರಂಥದ ವಿಷಯವನ್ನು ಗ್ರಂಥಕಾರನು ನಿರ್ಧರಿಸುವಂತಿಲ್ಲ. ಅದು ಫೋಟೋ ಸ್ಪರ್ಧೆಯೊಂದರಿಂದ ದಿನಾ ಬೆಳಗ್ಗೆ ಮೊಬೈಲಿಗೆ ಬಂದು ಬೀಳುತ್ತದೆ. ಇಂದು ‘ನೆರಳು’, ನಾಳೆ ‘ನೀಲಿ’, ನಾಡಿದ್ದು ‘ಅಪರಿಚಿತ’. ರಾತ್ರಿ ಹನ್ನೆರಡರೊಳಗೆ ಅದಕ್ಕೊಪ್ಪುವ ಒಂದು ಫೋಟೋ ತೆಗೆದು ಕಳಿಸಬೇಕು, ಮನೆ ಬಿಟ್ಟು ದೂರ ಹೋಗಬಾರದು. ಪ್ರಯೋಜನವೇನೆಂದು ಮನೆಯವರು ಹೊತ್ತು ಹೊತ್ತಿಗೆ ಕೇಳುತ್ತಿರುವುದರಿಂದ ಆ ಚರ್ಚೆಯನ್ನು ಇಲ್ಲಿ ಕೈಬಿಡಲಾಗಿದೆ. ಸಂಬಂಧ ಎಂಬುದು ಕ್ಯಾಮೆರಾ ಕೊಡಿಸಿದ ಬೆಂಗಳೂರಿನ ಭಾವನ ಕಡೆಯದು. ಅಧಿಕಾರಿ ಯಾರೆಂದರೆ, ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ವಾಸವಿದ್ದು, ಒಂದು ಮಳೆಗಾಲವಾದರೂ ಲೆನ್ಸಿಗೆ ಬೂಸಲು ಹಿಡಿಸಿಕೊಂಡವನು.

‘ಮನೆಯ ಹತ್ತಿರ’ ಎಂದರೆ ಎಷ್ಟು ಹತ್ತಿರ? ಇಲ್ಲಿ ನಮ್ಮ ನಾಡಿನ ಪ್ರಾಚೀನ ಮಾನವಾದ ಕೂಗಳತೆಯನ್ನೇ ಸ್ವೀಕರಿಸಲಾಗಿದೆ. ಅಡುಗೆಮನೆಯ ಹಿತ್ತಿಲ ಬಾಗಿಲಲ್ಲಿ ನಿಂತು ‘ಊಟಕ್ಕೆ ಬಾರಾ’ ಎಂದು ಕೂಗಿದರೆ ಎಲ್ಲಿಯವರೆಗೆ ಕೇಳುತ್ತದೋ ಅಲ್ಲಿಯವರೆಗೆ. ಈ ಲಕ್ಷಣದಿಂದ 253 ಮೀಟರ್ ಎತ್ತರದ ಜೋಗವು ತಾನಾಗಿ ಹೊರಬೀಳುತ್ತದೆ, ಏಕೆಂದರೆ ಅದರ ಎದುರು ಯಾವ ತಾಯಿಯ ಕೂಗೂ ಕೇಳುವುದಿಲ್ಲ. 2025ರ ಜುಲೈ 14ರಂದು ಉದ್ಘಾಟನೆಯಾದ ಸಿಗಂದೂರಿನ ಕೇಬಲ್ ಸೇತುವೆಯಂತೂ ಎರಡು ಕಿಲೋಮೀಟರಿಗೂ ಉದ್ದ. ಆ ತುದಿಯಲ್ಲಿ ಕೂಗಿದ್ದು ಈ ತುದಿಗೆ ಮುಟ್ಟದಿರುವುದರಿಂದ ಅದೂ ವರ್ಜ್ಯ. ಮಳೆಗಾಲದಲ್ಲಿ ಹೆಂಚಿನ ಮೇಲಿನ ಸದ್ದಿಗೆ ಕೂಗಳತೆಯೇ ಕುಗ್ಗುತ್ತದೆಂಬುದು ಸೂಕ್ಷ್ಮ ವಿಚಾರ. ಪುನರ್ವಸು ಮಳೆ ಜೋರಾದಾಗ ಅದು ಜಗಲಿಯ ತುದಿಗೆ ನಿಲ್ಲುತ್ತದೆ.

ಇಲ್ಲಿ ಪೂರ್ವಪಕ್ಷಿಯು ಎದ್ದು ನಿಲ್ಲುತ್ತಾನೆ. ‘ಸ್ವರ್ಗದಂಥ ಊರಲ್ಲಿದ್ದೀರಿ, ಕ್ಯಾಮೆರಾ ಎತ್ತ ತಿರುಗಿಸಿದರೂ ಫೋಟೋ, ನಿಮಗೇನು ಕಷ್ಟ?’ ಈತ ಸಾಮಾನ್ಯವಾಗಿ ಡಿಸೆಂಬರಿನಲ್ಲಿ ಬಂದು, ಆಗುಂಬೆಯ ಸೂರ್ಯಾಸ್ತವನ್ನೂ ಜೋಗದ ರಾಜಾ, ರಾಣಿ, ರೋರರ್, ರಾಕೆಟ್ಟುಗಳನ್ನೂ ಎರಡೇ ದಿನದಲ್ಲಿ ಮುಗಿಸಿ ಹೋದವನು. ಅವನಿಗೆ ಉತ್ತರ ಹೀಗೆ. ಜೂನ್‌ನಿಂದ ಸೆಪ್ಟೆಂಬರಿನ ತನಕ ಆಗುಂಬೆಯಲ್ಲಿ ಸೂರ್ಯ ಮುಳುಗುತ್ತಾನೆಂಬುದಕ್ಕೆ ಪಂಚಾಂಗವೊಂದೇ ಆಧಾರ. ಅಲ್ಲದೆ ಬೇರೆ ಕಡೆ ದಿನಕ್ಕೊಂದು ವಿಷಯವಾದರೆ ನಮ್ಮಲ್ಲಿ ಹದಿಮೂರು-ಹದಿನಾಲ್ಕು ದಿನಕ್ಕೊಂದೇ ವಿಷಯ, ಅದೂ ನಕ್ಷತ್ರದ ಲೆಕ್ಕದಲ್ಲಿ. ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ, ಮಘಾ. ಇವಿಷ್ಟರಲ್ಲಿ ಯಾವ ಮಳೆ ಹೇಗೆ ಹೊಯ್ಯುತ್ತದೆಂದು ಅಪ್ಪನಿಗೆ ಗೊತ್ತು. ಫೋಟೋದಲ್ಲಿ ಮಾತ್ರ ಎಲ್ಲವೂ ಒಂದೇ ಬೂದಿ ಬಣ್ಣ.

ಮನೆ ಬಿಡದೆ ಫೋಟೋ ತೆಗೆಯುವುದಕ್ಕೆ ಪೂರ್ವಾಚಾರ್ಯರ ಬೆಂಬಲವಿದೆ. 1826-27ರ ಸುಮಾರಿಗೆ ಫ್ರಾನ್ಸಿನ ನೀಪ್ಸ್ ಎಂಬಾತ ತನ್ನ ಮನೆಯ ಮಹಡಿ ಕಿಟಕಿಯಿಂದ ತೆಗೆದ ಚಿತ್ರವೇ ಕ್ಯಾಮೆರಾದಿಂದ ತೆಗೆದು ಇಂದಿಗೂ ಉಳಿದಿರುವ ಅತಿ ಹಳೆಯ ಫೋಟೋ. ಅದಕ್ಕೆ ಕನಿಷ್ಠ ಎಂಟು ತಾಸು ಬೆಳಕು ಬಿಡಬೇಕಾಯಿತಂತೆ. ಆರಿದ್ರ ಮಳೆಯಲ್ಲಿ, ಕರೆಂಟು ಹೋದ ಅಡುಗೆಮನೆಯಲ್ಲಿ ನಿಂತವನಿಗೆ ಇದು ಹೆಚ್ಚೆನಿಸುವುದಿಲ್ಲ. ಕುಪ್ಪಳಿಯಲ್ಲಿ ಹುಟ್ಟಿದ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತಮ್ಮ ತೋಟದ ಆಸುಪಾಸಿನ ಹಕ್ಕಿಗಳಿಗಾಗಿ ಕ್ಯಾಮೆರಾ ಹಿಡಿದು ಕಾದವರು. ಅವರ ತಂದೆ ಕುವೆಂಪು ಅವರಿಗೂ ಮನೆಯ ಹತ್ತಿರದ ಕವಿಶೈಲವೊಂದು ಸಾಕಾಗಿತ್ತು. ಆದರೆ ಇವರಾರಿಗೂ ಬೆಳಗ್ಗೆ ಎದ್ದರೆ ‘ಇಂದು: ಕನಿಷ್ಠತಾವಾದ’ ಎಂಬ ಸಂದೇಶ ಬರುತ್ತಿರಲಿಲ್ಲ.

ಈಗ ಪ್ರಮಾಣ ವಿಚಾರ. ಪ್ರತ್ಯಕ್ಷವು ಮಂಜಿನಿಂದಾಗಿ ನಮ್ಮಲ್ಲಿ ದುರ್ಬಲ. ಹೊಗೆ ಕಂಡಲ್ಲಿ ಬೆಂಕಿಯಿದೆ ಎಂಬ ತಾರ್ಕಿಕರ ಅನುಮಾನವೂ ಇಲ್ಲಿ ಕೆಟ್ಟುಹೋಗಿದೆ, ಏಕೆಂದರೆ ಗುಡ್ಡದ ಮೇಲೆ ಕಾಣುವುದು ಮಂಜೋ ಬಚ್ಚಲೊಲೆಯ ಹೊಗೆಯೋ ಎಂದು ಹೇಳಬಲ್ಲವರು ಸ್ನಾನಕ್ಕೆ ಹೋದವರು ಮಾತ್ರ. ಉಳಿಯುವುದು ಭಾಟ್ಟ ಮೀಮಾಂಸಕರ ಆರನೆಯ ಪ್ರಮಾಣವಾದ ಅನುಪಲಬ್ಧಿ, ಅಂದರೆ ಕಾಣದಿರುವುದರಿಂದಲೇ ತಿಳಿಯುವುದು. ಹೊಸನಗರ ಶಾಖೆಯು ಇದರ ಮೇಲೆಯೇ ನಿಂತಿದೆ. ನಿಟ್ಟೂರಿನ ಕಡೆಯ ಒಂದು ಅಂಗಳದಿಂದ ‘ಪರ್ವತ’ ಎಂಬ ವಿಷಯಕ್ಕೆ 1343 ಮೀಟರ್ ಎತ್ತರದ ಕೊಡಚಾದ್ರಿಯ ಫೋಟೋ ಬಂತು, ಹಾಳೆಯಷ್ಟು ಬಿಳಿ. ಅದೇ ಫೋಟೋ ಮರುದಿನ ‘ಶೂನ್ಯ’ಕ್ಕೂ, ವಾರದ ಕೊನೆಗೆ ‘ಬಿಳಿ’ಗೂ ಬಂತು. ದೂರವನ್ನು ಅಳೆಯಬೇಕಾದದ್ದು ತೆಗೆಯುವವನ ಕಾಲಿಗೆ, ತೆಗೆದ ವಸ್ತುವಿಗಲ್ಲ, ಹಾಗಾಗಿ ಕೂಗಳತೆಗೆ ಭಂಗವಿಲ್ಲವೆಂದೂ ಈ ಶಾಖೆ ವಾದಿಸುತ್ತದೆ. ತೀರ್ಥಹಳ್ಳಿ ಶಾಖೆ ಇದನ್ನು ಒಪ್ಪುವುದಿಲ್ಲ. ಆ ತಾಲ್ಲೂಕಿನ ಹುಲಿಕಲ್ಲಿನ ಮಳೆ ತನ್ನ ಆಗುಂಬೆಯ ಮಳೆಯನ್ನು ಮೀರಿಸಿತೆಂಬ ಸುದ್ದಿ ಬಂದಂದಿನಿಂದ ಹೊಸನಗರದವರ ಯಾವ ಮಾತನ್ನೂ ಅದು ಒಪ್ಪಿದ್ದಿಲ್ಲ. ಸಾಗರ ಶಾಖೆಯ ಅಭಿಪ್ರಾಯ ಇನ್ನೂ ಬರಬೇಕು. 1949ರಿಂದ ನೀನಾಸಂ ರಂಗಸಂಸ್ಥೆ ಇರುವ ತಾಲ್ಲೂಕು ಅದು. ಚೌಕಟ್ಟಿನ ಒಳಗಿರುವುದು, ಹೊರಗಿರುವುದು ಎಂದು ಚರ್ಚೆ ಮುಗಿಯುವುದರೊಳಗೆ ಬೆಳಕು ಹೋಗಿರುತ್ತದೆ.

ವಿಷಯವಾರು ಸಿದ್ಧಾಂತಗಳಿಗೆ ಬರೋಣ. ‘ನೀಲಿ’ ಎಂದರೆ ಆಕಾಶವೆಂದು ಮುಗ್ಧರು ತಿಳಿಯುತ್ತಾರೆ. ಮಲೆನಾಡಿನಲ್ಲಿ ನೀಲಿ ಎಂದರೆ ಟಾರ್ಪಾಲು. ಕಟ್ಟಿಗೆ ರಾಶಿಯ ಮೇಲೆ ಟಾರ್ಪಾಲು, ಬೈಕಿನ ಮೇಲೆ ಟಾರ್ಪಾಲು, ಸೋರುವ ಕೊಟ್ಟಿಗೆಯ ಮೇಲೆ ಟಾರ್ಪಾಲು. ‘ನೆರಳು’ ಬಂದ ದಿನ ಮೂರೂ ತಾಲ್ಲೂಕುಗಳಲ್ಲಿ ಯಾವ ವಸ್ತುವಿಗೂ ನೆರಳಿರಲಿಲ್ಲ. ‘ಅತಿ ಸಮೀಪ’ಕ್ಕೆ ಉಂಬಳವೇ ಶ್ರೇಷ್ಠ, ಹುಡುಕಿಕೊಂಡು ಹೋಗಬೇಕಿಲ್ಲ, ಅದೇ ಬಂದು ಹಿಮ್ಮಡಿಯಲ್ಲಿ ಅಲುಗಾಡದೆ ಕೂರುತ್ತದೆ, ಸುಣ್ಣ ಹಚ್ಚುವ ಮೊದಲು ಫೋಕಸ್ ಮುಗಿಸಬೇಕು ಅಷ್ಟೆ. ‘ಅಪರಿಚಿತ’ ಮಾತ್ರ ನಿಜಕ್ಕೂ ಕ್ಲಿಷ್ಟ. ನಮ್ಮದು ಒಂಟಿಮನೆಗಳ ಸೀಮೆ, ಪಕ್ಕದ ಮನೆಯೇ ಕೂಗಳತೆಯಾಚೆ. ಸುದೈವಕ್ಕೆ ಅಂದು ಮೀಟರ್ ಓದುವವರು ಬಂದರು. ಆದರೆ ಅವರು ಕೊಡೆ ಮಡಚುತ್ತಲೇ ‘ಎಂತ ಮಾರಾಯ್ರೇ, ಅತ್ತೆ ಕಾಲು ನೋವು ಹೆಂಗಿದೆ?’ ಎಂದು ಕೇಳಿಬಿಟ್ಟರು. ಅಪರಿಚಿತತ್ವ ಅಲ್ಲಿಗೆ ಮುಗಿಯಿತು.

ಇಂಥ ಸಂಕಟಗಳಿಂದಲೇ ನಮ್ಮ ಶಾಸ್ತ್ರದ ಮುಖ್ಯ ಸಿದ್ಧಾಂತ ಹುಟ್ಟಿದ್ದು: ವಿಷಯವು ಫೋಟೋದಲ್ಲಿಲ್ಲ, ಅಡಿಬರಹದಲ್ಲಿದೆ. ಒಂದು ಹಿಡಿ ಅಡಿಕೆಯನ್ನು ತೆಗೆದುಕೊಳ್ಳಿ. ಆಶ್ಲೇಷದಲ್ಲಿ ಕೊಳೆರೋಗಕ್ಕೆ ಉದುರಿದ್ದಾದರೆ ಅದು ‘ನಷ್ಟ’, ‘ಹಸಿರು’, ‘ಪತನ’. ಕೊಯ್ಲಾಗಿ ತೊಗರಿನಲ್ಲಿ ಬೆಂದು ಅಟ್ಟದ ಮೇಲೆ ಹರಡಿದ್ದಾದರೆ ‘ಕೆಂಪು’, ‘ಪುನರಾವರ್ತನೆ’, ‘ವಿನ್ಯಾಸ’. ಚೀಲದೊಳಗೆ ಹೋದ ಮೇಲೆ ‘ರಹಸ್ಯ’. ಮಂಡಿಯಲ್ಲಿ ಧಾರಣೆ ಬಿದ್ದ ದಿನ ‘ಮೌನ’. ‘ಸಮುದ್ರ’ ಎಂಬ ವಿಷಯ ಬಂದಾಗಲೂ ಅಂಗಳದ ತುಂಬ ಒಣಹಾಕಿದ ಅಡಿಕೆಯ ನಡುವೆ ಕಾಲಾಡಿಸುತ್ತಿದ್ದ ಅಜ್ಜನ ಫೋಟೋ ಕಳಿಸಿ, ‘ಅಲೆ’ ಎಂದು ಬರೆಯಲಾಯಿತು. ತೀರ್ಪುಗಾರರು ಮೆಚ್ಚಿದರು. ಪ್ರಾಮಾಣಿಕವಾಗಿ ಹೇಳುವುದಾದರೆ ಅದು ಒಳ್ಳೆಯ ಫೋಟೋವೇ. ಅಜ್ಜ ನಡೆದ ಸಾಲುಗಳನ್ನು ಅಷ್ಟು ವರ್ಷ ನೋಡಿಯೂ ಮನೆಯಲ್ಲಿ ಯಾರೂ ನೋಡಿರಲಿಲ್ಲ.

ಫಲಗಳ ಮೌಲ್ಯಮಾಪನಕ್ಕೆ ಶಿವಮೊಗ್ಗದ ಮಂಡಿಯ ಕ್ರಮವನ್ನೇ ಅನುಸರಿಸಬೇಕು: ಸರಕು, ಬೆಟ್ಟೆ, ರಾಶಿ, ಗೊರಬಲು. ನಮ್ಮ ಬಹುಪಾಲು ಫೋಟೋಗಳು ಗೊರಬಲು. ಇದಕ್ಕೆ ಲೆನ್ಸಿನೊಳಗಿನ ಬೂಸಲೂ ಕಾರಣ. ಕ್ಯಾಮೆರಾವನ್ನು ಒಲೆಯ ಮೇಲಿನ ಅಟ್ಟದಲ್ಲಿಡೋಣವೆಂದರೆ ಆ ಜಾಗ ಹಲಸಿನ ಹಪ್ಪಳದ್ದು, ಅಮ್ಮ ಬಿಟ್ಟುಕೊಡುವುದಿಲ್ಲ. ಬಲ್ಬು ಉರಿಸಿದ ಪೆಟ್ಟಿಗೆಯಲ್ಲಿಡಿ ಎನ್ನುತ್ತಾರೆ ತಿಳಿದವರು. ಬಲ್ಬು ಉರಿಯಲು ಕರೆಂಟು ಬೇಕೆಂಬುದನ್ನು ಅವರು ಹೇಳುವುದಿಲ್ಲ. ಕೊನೆಗೆ ಅಕ್ಕಿ ಡಬ್ಬಿಯೇ ಗತಿ.

ಇಷ್ಟಾಗಿ ತೆಗೆದದ್ದನ್ನು ಕಳಿಸಬೇಕಲ್ಲ. ‘ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ’ ಎಂದು ಇಲ್ಲಿನ ಹಳ್ಳಿಗಳವರು ಹಿಂದೊಮ್ಮೆ ಚಳವಳಿಯನ್ನೇ ಹೂಡಿದ್ದರು. ಇಂದಿಗೂ ಎಷ್ಟೋ ಮನೆಗಳವರಿಗೆ ಸಿಗ್ನಲ್ ಸಿಗುವುದು ಗುಡ್ಡದ ತುದಿಯ ಒಂದು ಬಂಡೆಯ ಮೇಲೆ ಮಾತ್ರ. ಆ ಬಂಡೆ ಕೂಗಳತೆಯ ಹೊರಗಿದೆ. ಆದ್ದರಿಂದ ನಿಯಮ ಪಾಲಿಸಿದವನು ಫೋಟೋ ಕಳಿಸಲಾರ, ಕಳಿಸಿದವನು ನಿಯಮ ಪಾಲಿಸಿಲ್ಲ. ಈ ವಿರೋಧಕ್ಕೆ ಮೂರೂ ಶಾಖೆಗಳಲ್ಲಿ ಪರಿಹಾರವಿಲ್ಲ.

ವಿಷಯ ಕೊಡುವ ಮಹನೀಯರಲ್ಲಿ ಒಂದೇ ವಿನಂತಿ. ಮೃಗಶಿರದಿಂದ ಹಸ್ತದವರೆಗೆ ಸೂರ್ಯ, ನಕ್ಷತ್ರ, ನೆರಳು, ಒಣ ಎಲೆ ಇವನ್ನು ದಯವಿಟ್ಟು ಕೊಡಬೇಡಿ. ಕೊಟ್ಟರೆ ಅಡಿಕೆ ಕಳಿಸುತ್ತೇವೆ.