ಸುಂಕವ್ರತ ಮಹಾತ್ಮೆ

ಶೌನಕಾದಿ ಉದ್ಯಮಿಗಳು ದೆಹಲಿಯ ಪಂಚತಾರಾ ಹೋಟೆಲೆಂಬ ನೈಮಿಷಾರಣ್ಯದಲ್ಲಿ ನೆರೆದು, ಸಮೋಸ ಮುಗಿಸಿ, ಸೂತಮುನಿಗಳನ್ನು ಕೇಳಿದರು: “ಸ್ವಾಮೀ, ಈ ಕಲಿಯುಗದಲ್ಲಿ ಗಿರಾಕಿಗೆ ಭಕ್ತಿಯೇ ಇಲ್ಲ. ಸ್ವದೇಶಿ ಭಾಷಣಕ್ಕೆ ಚಪ್ಪಾಳೆ ತಟ್ಟುತ್ತಾನೆ, ಮನೆಗೆ ಹೋಗುವಾಗ ಚೀನಾದ ಚಾರ್ಜರ್ ಕೊಳ್ಳುತ್ತಾನೆ. ಯಂತ್ರ ಬದಲಿಸದೆ, ಸಂಶೋಧನೆಗೆ ಕಾಸು ಬಿಚ್ಚದೆ, ಬೆಲೆ ಇಳಿಸದೆ, ಅಲ್ಪ ಶ್ರಮದಿಂದ ಅಪಾರ ಫಲ ಕೊಡುವ ವ್ರತವೊಂದಿದ್ದರೆ ಅಪ್ಪಣೆ ಕೊಡಿಸಬೇಕು.”

ಹಣಕಾಸು ಸಚಿವಾಲಯದಿಂದ ನಿವೃತ್ತರಾಗಿದ್ದ ಸೂತರು ಕಣ್ಣು ಮುಚ್ಚಿ ನಕ್ಕರು. “ಇದೆ. ಸುಂಕವ್ರತ. ಮಾಡುವವರು ನೀವು, ಮಂತ್ರ ಹೇಳುವುದು ಸರ್ಕಾರ, ದಕ್ಷಿಣೆ ಕೊಡುವುದು ಗಿರಾಕಿ. ಯಾವ ತಿಥಿಯಲ್ಲಾದರೂ ಮಾಡಬಹುದು. ಫೆಬ್ರುವರಿ ಒಂದು ಬಲು ಶ್ರೇಷ್ಠ. ಕಥೆ ಐದು ಅಧ್ಯಾಯ. ಕೊನೆಯ ಅಧ್ಯಾಯ ಉದ್ಯಾಪನೆಯದು. ಅದನ್ನು ಕೇಳದೆ ಎದ್ದರೆ ವ್ರತಭಂಗ.”

“ಆಗಲಿ ಆಗಲಿ, ಶುರು ಮಾಡಿ” ಎಂದರು ಉದ್ಯಮಿಗಳು, ಮೊಬೈಲ್ ನೋಡುತ್ತ.

ಮೊದಲನೆಯ ಅಧ್ಯಾಯ

ಇಂಗ್ಲೆಂಡೆಂಬ ದ್ವೀಪದಲ್ಲಿ ಉಣ್ಣೆ, ರೇಷ್ಮೆ ನೇಯುವವರಿದ್ದರು. ಅವರ ಊರಿನ ಹೆಂಗಸರಿಗೋ ಭಾರತದ ಅಚ್ಚಿನ ಹತ್ತಿಬಟ್ಟೆಯ ಹುಚ್ಚು. ಹಗುರ, ಅಗ್ಗ, ಒಗೆದರೂ ಬಣ್ಣ ಬಿಡದು. ನೇಕಾರರ ಗಲಾಟೆ ತಾಳಲಾರದೆ 1700ರಲ್ಲಿ ಪಾರ್ಲಿಮೆಂಟು ಆ ಬಟ್ಟೆಯ ಆಮದನ್ನು ತಡೆಯಿತು. ಜನ ಬಗ್ಗಲಿಲ್ಲ. 1721ರಲ್ಲಿ ಅದನ್ನು ಉಡುವುದೇ ಅಪರಾಧವೆಂದಿತು. ಮುಕ್ತ ವ್ಯಾಪಾರದ ತವರುಮನೆಯಲ್ಲಿ ಮೈಮೇಲಿನ ಲಂಗಕ್ಕೂ ದಂಡ ಬಿತ್ತು.

ಆ ಮರೆಯಲ್ಲಿ ಲ್ಯಾಂಕಶೈರಿನ ಗಿರಣಿಗಳು ಬೆಳೆದವು. ಯಂತ್ರದ ನೂಲನ್ನು ಸೋಲಿಸುವವರು ಇನ್ನು ಜಗತ್ತಿನಲ್ಲಿಲ್ಲ ಎಂದು ಖಾತ್ರಿಯಾದ ಮೇಲೆ ಬ್ರಿಟನ್ನಿಗೆ ಜ್ಞಾನೋದಯವಾಯಿತು. 1846ರಲ್ಲಿ ಧಾನ್ಯದ ಮೇಲಿನ ಸುಂಕದ ಕಾಯ್ದೆಯನ್ನು ರದ್ದು ಮಾಡಿ, ಸುಂಕವ್ರತ ಮೂಢನಂಬಿಕೆ ಎಂದು ಊರೂರಿಗೆ ಸಾರತೊಡಗಿತು. ಹತ್ತಿಯ ಮೇಲೆ ಹತ್ತಿ ಏಣಿಯನ್ನು ಒದ್ದದ್ದು ಹೀಗೆ. ಏಣಿಯ ಮಾತು ನನ್ನದಲ್ಲ, ಜರ್ಮನಿಯ ಫ್ರೆಡರಿಕ್ ಲಿಸ್ಟ್ ಆ ಕಾಲದಲ್ಲೇ ಆಡಿದ್ದು.

ಉಪದೇಶ ಭಾರತಕ್ಕೂ ಬಂತು, ದೊಣ್ಣೆಯ ಸಮೇತ. 1882ರಲ್ಲಿ ಇಲ್ಲಿನ ಆಮದು ಸುಂಕಗಳನ್ನು ಬಹುಪಾಲು ಕಿತ್ತರು. 1894ರಲ್ಲಿ ಖಜಾನೆ ಬರಿದಾಗಿ ಮತ್ತೆ ಶೇ 5 ಹಾಕಬೇಕಾಯಿತು. ಲ್ಯಾಂಕಶೈರ್ ಗೋಳೋ ಎಂದಿತು. 1896ರಲ್ಲಿ ‘ನ್ಯಾಯ’ ಸಿಕ್ಕಿತು: ಹೊರಗಿನಿಂದ ಬರುವ ಬಟ್ಟೆಗೆ ಶೇ 3.5 ಸುಂಕ, ಭಾರತದ ಗಿರಣಿಯ ಬಟ್ಟೆಗೂ ಶೇ 3.5 ಅಬಕಾರಿ. ನಮ್ಮ ಬಟ್ಟೆ ನಮ್ಮದೇ ಊರಿನಲ್ಲಿ ಪರದೇಶಿಯಾಯಿತು. ಆ ಅಬಕಾರಿ ತೊಲಗಲು 1925ರ ಕೊನೆಯವರೆಗೆ ಕಾಯಬೇಕಾಯಿತು. ಆದ್ದರಿಂದ ಮುಕ್ತ ವ್ಯಾಪಾರವೇ ಪರಮಸತ್ಯ ಎಂದು ಯಾರಾದರೂ ಬೋಧಿಸಿದರೆ, ಅವರ ಮುತ್ತಜ್ಜ ಯಾವ ವ್ರತ ಮಾಡಿದ್ದರೆಂದು ವಿಚಾರಿಸತಕ್ಕದ್ದು.

ಶಂಖ ಊದಿ.

ಎರಡನೆಯ ಅಧ್ಯಾಯ

ಸ್ವಾತಂತ್ರ್ಯ ಬಂದ ಮೇಲೆ ನಾವೂ ವ್ರತ ಹಿಡಿದೆವು. ಹಿಡಿದದ್ದು ತಪ್ಪಲ್ಲ, ಏಣಿ ಒದೆಸಿಕೊಂಡವರು ಮತ್ತೆ ಏಣಿ ಇಡಲೇಬೇಕಿತ್ತು. ಆದರೆ ನಾವು ಏಣಿಯ ಮೊದಲ ಮೆಟ್ಟಿಲಲ್ಲೇ ಚಾಪೆ ಹಾಸಿ ಮಲಗಿದೆವು.

ಹಿಂದೂಸ್ತಾನ್ ಮೋಟಾರ್ಸ್ ಕಂಪನಿ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚು ತಂದು ಅಂಬಾಸಡರ್ ಎಂದು ಹೆಸರಿಟ್ಟಿತು. 1950ರ ದಶಕದ ಕೊನೆಗೆ ಹೊರಟ ಆ ಕಾರು 2014ರವರೆಗೂ ಬಂತು. ಅಷ್ಟರಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ವಾಪಸು ಬಂದಿದ್ದ. ಅಂಬಾಸಡರ್ ಗ್ರಿಲ್ಲು ಬದಲಿಸಿ ಮಾರ್ಕ್ ಎರಡು, ಮಾರ್ಕ್ ಮೂರು ಎಂದು ಕರೆಸಿಕೊಂಡಿತ್ತು. ಅದನ್ನು ದೂರುವಂತಿಲ್ಲ. ಗಿರಾಕಿ ಮುಂಗಡ ಕಟ್ಟಿ ವರ್ಷಗಟ್ಟಲೆ ಬಾಗಿಲಲ್ಲಿ ನಿಂತಿರುವಾಗ ಕಾರು ಸುಧಾರಿಸುವವನು ಉದ್ಯಮಿಯಲ್ಲ, ಹುಚ್ಚ. 1991ರಲ್ಲಿ ಚಿನ್ನ ಅಡವಿಟ್ಟ ಸರ್ಕಾರ ಕಣ್ತೆರೆದು ನೋಡಿದಾಗ ಗೋಡೆ ಎಷ್ಟೆತ್ತರವಿತ್ತೆಂದರೆ, ಮನಮೋಹನ್ ಸಿಂಗ್ ಅವರ ಬಜೆಟ್ಟು ಗರಿಷ್ಠ ಸುಂಕವನ್ನು ಶೇ 150ಕ್ಕೆ ‘ಇಳಿಸಿ’ ಸುಧಾರಣೆಯ ಕೀರ್ತಿ ಪಡೆಯಿತು.

ಗೋಡೆ ಬಿದ್ದದ್ದರಿಂದ ಸ್ವದೇಶಿ ಸತ್ತಿತು ಎನ್ನುವವರು ಬೆಂಗಳೂರಿನ ಎಚ್‌ಎಂಟಿ ಕೈಗಡಿಯಾರದ ಕಥೆ ಕೇಳಬೇಕು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯಿಂದ ವಿದ್ಯೆ ಕಲಿತು ಶುರುವಾದ ಕಾರ್ಖಾನೆ. ಮದುವೆಯಲ್ಲಿ ಅಳಿಯನಿಗೆ ಎಚ್‌ಎಂಟಿ ವಾಚು ಕೊಟ್ಟರೆ ಮಾವನ ಮರ್ಯಾದೆ ಉಳಿಯುತ್ತಿದ್ದ ಕಾಲ. ಅದನ್ನು ಸೋಲಿಸಿದವರು ಯಾರು? ಸ್ವಿಸ್ಸರೂ ಅಲ್ಲ, ಚೀನಾದವರೂ ಅಲ್ಲ. ಅತ್ತಿಬೆಲೆ ದಾಟಿದರೆ ಸಿಗುವ ಹೊಸೂರಿನ ಟೈಟಾನ್. 1980ರ ದಶಕದಲ್ಲಿ, ಗೋಡೆ ಇನ್ನೂ ಗಟ್ಟಿಯಾಗಿದ್ದಾಗಲೇ, ಅದೇ ಗೋಡೆಯ ಒಳಗೆ, ಅವರು ಕ್ವಾರ್ಟ್ಜ್ ವಾಚಿಗೆ ಕೈಹಾಕಿದರು. ಎಚ್‌ಎಂಟಿ ಬಹುಮಟ್ಟಿಗೆ ಕೀಲಿ ಕೊಡುತ್ತಲೇ ಕುಳಿತಿತು. 2016ರಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್‌ಗೆ ಬೀಗ ಹಾಕಲು ಒಪ್ಪಿತು. ಸುಂಕ ಇಬ್ಬರನ್ನೂ ಸಮನಾಗಿಯೇ ಕಾದಿತ್ತು. ಓದಿದವನು ಪಾಸಾದ, ಅಷ್ಟೆ.

ಶಂಖ ಊದಿ.

ಮೂರನೆಯ ಅಧ್ಯಾಯ

ಸತ್ಯನಾರಾಯಣ ಕಥೆಯ ವೈಶ್ಯ ನಿಮಗೆ ಗೊತ್ತು. ದೋಣಿ ತುಂಬ ಧನಕನಕ. ದಡದಲ್ಲಿ ಸಂನ್ಯಾಸಿ “ಏನಿದೆಯಪ್ಪಾ” ಎಂದರೆ “ಬರೀ ಎಲೆ, ಬಳ್ಳಿ” ಎಂದ. ನಮ್ಮ ಪುರಾಣದ ಸುಳ್ಳು ಕಸ್ಟಮ್ಸ್ ಡಿಕ್ಲರೇಷನ್ ಅದು. ಅವನ ಸಂತತಿ ಈಗ ಅಮೆರಿಕದಲ್ಲಿ ಸುಖವಾಗಿದೆ.

1960ರ ದಶಕದ ಆರಂಭದಲ್ಲಿ ಯುರೋಪಿನವರು ಅಮೆರಿಕದ ಕೋಳಿಮಾಂಸಕ್ಕೆ ಸುಂಕ ಏರಿಸಿದರು. ಸಿಟ್ಟಾದ ಅಮೆರಿಕ 1964ರಿಂದ ಆಲೂಗಡ್ಡೆ ಪಿಷ್ಟ, ಬ್ರಾಂದಿಯ ಸುಂಕ ಏರಿಸಿ, ಸಣ್ಣ ಟ್ರಕ್ಕುಗಳ ಮೇಲೆ ಶೇ 25 ಸುಂಕ ಜಡಿಯಿತು. ಜಗಳ ಕೋಳಿಯದು, ಶಿಕ್ಷೆ ಟ್ರಕ್ಕಿಗೆ. ಆ ಕೋಳಿಗಳ ಮರಿಮಕ್ಕಳೂ ಸಾರಾಗಿ ಹೋದವು. ಬ್ರಾಂದಿಯ ಸುಂಕವೂ ಇಳಿಯಿತು. ಟ್ರಕ್ಕಿನ ಸುಂಕ ಮಾತ್ರ ಅರವತ್ತು ವರ್ಷ ದಾಟಿತು. ಅದರ ನೆರಳಿನಲ್ಲಿ ತಣ್ಣಗೆ ಕುಳಿತ ಡೆಟ್ರಾಯಿಟ್ ಕಂಪನಿಗಳು ಅದನ್ನು ಬಿಟ್ಟುಕೊಟ್ಟಾವೆಯೆ?

ಕಾರಿಗಾದರೆ ಸುಂಕ ಬಲು ಕಡಿಮೆ, ಬಹುಕಾಲ ಶೇ 2.5 ಅಷ್ಟೆ. ಜಪಾನಿನ ಸುಬಾರು ಏನು ಮಾಡಿತು? ತನ್ನ ಪುಟ್ಟ ಟ್ರಕ್ಕಿನ ಹಿಂಭಾಗದ ಬಯಲಿನಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಕೂರಿಸಿ, ಹಿಡಿದುಕೊಳ್ಳಲು ಹಿಡಿ ಕೊಟ್ಟು, “ಇದು ಕಾರು” ಎಂದಿತು. ಮಳೆಯಲ್ಲಿ ನೆನೆಯುತ್ತ, ಹಿಮ್ಮುಖವಾಗಿ ಕೂತು ಹೋಗುವವನೂ ಪ್ರಯಾಣಿಕನೇ ತಾನೆ!

ಇದನ್ನೂ ಮೀರಿಸಿದ್ದು ಅಮೆರಿಕದ್ದೇ ಫೋರ್ಡ್. ಯಾರನ್ನು ಕಾಯಲು ಗೋಡೆ ಕಟ್ಟಿದ್ದರೋ ಅವನೇ ಗೋಡೆ ಹಾರಿದ. ಟರ್ಕಿಯಲ್ಲಿ ಟ್ರಾನ್ಸಿಟ್ ಕನೆಕ್ಟ್ ಎಂಬ ವ್ಯಾನು ಮಾಡಿ, ಹಿಂದೆ ಸೀಟು, ಕಿಟಕಿ ಜೋಡಿಸಿ, ಹಡಗಿಗೆ ಹಾಕಿ, “ಜನ ಹೋಗುವ ಗಾಡಿ” ಎಂದು ಬಾಲ್ಟಿಮೋರ್ ಬಂದರಿನಲ್ಲಿ ಇಳಿಸಿದರು. ಕಸ್ಟಮ್ಸ್ ದಾಟಿದ ಕೂಡಲೆ ಆ ಸೀಟುಗಳನ್ನು ಕಿತ್ತು ಗುಜರಿಗೆ ಹಾಕಿ, ಸಾಮಾನಿನ ವ್ಯಾನೆಂದು ಮಾರಿದರು. ಯಾರೂ ಕೂರದ ಸೀಟು, ಹೊಲಿಸಿಕೊಂಡು, ಸಮುದ್ರ ದಾಟಿ, ಚಿಂದಿಯಾಗಿ ಮೋಕ್ಷ ಪಡೆಯಿತು. ಕೊನೆಗೆ ನ್ಯಾಯಾಲಯ “ಇದು ಎಲೆ, ಬಳ್ಳಿ ಅಲ್ಲ” ಎಂದಿತು. 2024ರಲ್ಲಿ ಫೋರ್ಡ್ 36.5 ಕೋಟಿ ಡಾಲರ್ ಕಟ್ಟಿ ರಾಜಿಯಾಯಿತು.

ಇನ್ನೊಂದು ಕಂಪನಿ ಎಕ್ಸ್-ಮೆನ್ ಗೊಂಬೆಗಳನ್ನು ತರಿಸುತ್ತಿತ್ತು. ಮನುಷ್ಯರ ರೂಪದ ಗೊಂಬೆಗೆ ಶೇ 12 ಸುಂಕ, ಇತರ ಆಟಿಕೆಗೆ ಶೇ 6.8. ಚಿತ್ರಕಥೆಯಲ್ಲಿ “ನಾವೂ ಮನುಷ್ಯರೇ” ಎಂದು ಗೋಗರೆಯುವ ಆ ಪಾತ್ರಗಳನ್ನು, ಅವುಗಳ ಕಂಪನಿಯೇ ಕೋರ್ಟಿಗೆ ಎಳೆದು “ಇವರು ಮನುಷ್ಯರಲ್ಲ ಸ್ವಾಮೀ” ಎಂದು ವಾದಿಸಿತು. 2003ರಲ್ಲಿ ಗೆದ್ದಿತು ಕೂಡ. ಮನುಷ್ಯತ್ವದ ಬೆಲೆ ಶೇ 5.2 ಎಂದು ಅಂದು ಇತ್ಯರ್ಥವಾಯಿತು.

ನೋಡಿ, ಸುಂಕ ಕಾರ್ಖಾನೆ ಕಟ್ಟುತ್ತದೋ ಇಲ್ಲವೋ, ವಕೀಲರನ್ನಂತೂ ಬೆಳೆಸುತ್ತದೆ. ಅದೂ ಒಂದು ಸ್ವದೇಶಿ ಉದ್ಯಮವೇ.

ಶಂಖ ಊದಿ.

ನಾಲ್ಕನೆಯ ಅಧ್ಯಾಯ

2025ರ ಏಪ್ರಿಲ್ 2ರಂದು ಟ್ರಂಪ್ ಮಹಾರಾಜರು ಶ್ವೇತಭವನದ ಗುಲಾಬಿ ತೋಟದಲ್ಲಿ ಹಲಗೆ ಹಿಡಿದು ಸಾಮೂಹಿಕ ವ್ರತ ನಡೆಸಿದರು. ಸಪಾದ ಭಕ್ಷ್ಯದ ಅಳತೆ ಹೀಗಿತ್ತು: ಒಂದು ದೇಶದೊಂದಿಗೆ ಸರಕು ವ್ಯಾಪಾರದಲ್ಲಿ ಎಷ್ಟು ಕೊರತೆ ಇದೆ ನೋಡಿ, ಆ ದೇಶದಿಂದ ಬರುವ ಆಮದಿನಿಂದ ಅದನ್ನು ಭಾಗಿಸಿ, ಬಂದದ್ದರಲ್ಲಿ ಅರ್ಧ ಬಡಿಸಿ. ಕೊರತೆ ಇಲ್ಲದವರಿಗೂ ಶೇ 10 ಪ್ರಸಾದ ಕಡ್ಡಾಯ. ಹೀಗೆ ಅಂಟಾರ್ಕ್ಟಿಕಾ ಹತ್ತಿರದ ಹರ್ಡ್ ಮತ್ತು ಮ್ಯಾಕ್‌ಡೊನಾಲ್ಡ್ ದ್ವೀಪಗಳಿಗೂ ಶೇ 10 ಬಿತ್ತು. ಅಲ್ಲಿ ಮನುಷ್ಯರಿಲ್ಲ, ಪೆಂಗ್ವಿನ್‌ಗಳಿವೆ. ಕೋಟು ಹಾಕಿಕೊಂಡು ಓಡಾಡುವುದನ್ನು ಕಂಡು ರಫ್ತುದಾರರೆಂದು ಭಾವಿಸಿರಬೇಕು.

ನಮಗೆ ಮೊದಲು ಶೇ 26 ಎಂದರು. ಆಗಸ್ಟ್ ಮುಗಿಯುವುದರೊಳಗೆ ರಷ್ಯಾದ ಎಣ್ಣೆ ಕೊಂಡ ಪಾಪದ ಪ್ರಾಯಶ್ಚಿತ್ತವೂ ಸೇರಿ ಶೇ 50 ಆಯಿತು. ಆಗ ತಿರುಪ್ಪೂರಿನ ಬನಿಯನ್ನಿಗೆ ಸುಂಕ, ದೇವನಹಳ್ಳಿಯಲ್ಲಿ ಜೋಡಿಸಿದ ಐಫೋನಿಗೆ ವಿನಾಯಿತಿ. ಬನಿಯನ್ನಿನ ಮಾಲೀಕ ಕ್ಯಾಲಿಫೋರ್ನಿಯಾದವನಲ್ಲ, ಅದೇ ಅವನ ಕರ್ಮ.

ಇದೇ ಮಹಾರಾಜರು 2018ರಲ್ಲಿ ವಾಷಿಂಗ್ ಮಷಿನ್ ಮೇಲೆ ವ್ರತ ಹಿಡಿದಿದ್ದರು. ಫೆಡರಲ್ ರಿಸರ್ವ್ ಮತ್ತು ಶಿಕಾಗೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದರು. ಮಷಿನ್ನಿನ ಬೆಲೆ ಸುಮಾರು 86 ಡಾಲರ್ ಏರಿತ್ತು. ಸುಂಕವೇ ಇಲ್ಲದ ಬಟ್ಟೆ ಒಣಗಿಸುವ ಡ್ರೈಯರ್ ಕೂಡ 92 ಡಾಲರ್ ಏರಿತ್ತು; ಎರಡನ್ನೂ ಜೋಡಿಯಾಗಿ ಮಾರುತ್ತಾರಲ್ಲ! ಹುಟ್ಟಿದ ಉದ್ಯೋಗ ಸುಮಾರು 1,800. ಒಂದೊಂದು ಉದ್ಯೋಗಕ್ಕೆ ಗಿರಾಕಿಗಳು ತೆತ್ತದ್ದು ಸುಮಾರು 8,15,000 ಡಾಲರ್. ಆ ದುಡ್ಡನ್ನು ಕಾರ್ಮಿಕನ ಕೈಗೇ ಕೊಟ್ಟಿದ್ದರೆ ಅವನು ತನ್ನ ಬಟ್ಟೆ ಒಗೆಯಲು ಆಳಿಟ್ಟುಕೊಳ್ಳುತ್ತಿದ್ದ.

ನಗಬೇಡಿ. ನಮ್ಮಲ್ಲೂ 2023ರ ಆಗಸ್ಟ್ 3ರಂದು ಲ್ಯಾಪ್‌ಟಾಪ್ ಆಮದಿಗೆ ಲೈಸೆನ್ಸು ಬೇಕೆಂದು ಏಕಾಏಕಿ ಆಜ್ಞೆ ಹೊರಟು, ಮರುದಿನವೇ ಮೂರು ತಿಂಗಳು ಮುಂದಕ್ಕೆ ಹೋಯಿತು. 2025ರ ಬಜೆಟ್ಟಿನಲ್ಲಿ ದುಬಾರಿ ಕಾರಿನ ಮೂಲ ಸುಂಕವನ್ನು ಶೇ 70ಕ್ಕೆ ಇಳಿಸಿ, ಮೇಲೆ ಶೇ 40 ಕೃಷಿ ಮೂಲಸೌಕರ್ಯ ಸೆಸ್ ಹಾಕಿದರು. ಜರ್ಮನ್ ಕಾರಿನಿಂದ ಕೃಷಿ ಉದ್ಧಾರ. ಲೋಕಕ್ಕೆ ಇಳಿಸಿದ್ದು ಕಂಡಿತು, ಖಜಾನೆಗೆ ಬರಬೇಕಾದದ್ದು ಬಂತು.

ಸುಂಕದ ನಿಜವಾದ ಸಂಕಟ ತಿಳಿಯಬೇಕಾದರೆ ರಾಮನಗರದ ಗೂಡಿನ ಮಾರುಕಟ್ಟೆಗೆ ಬನ್ನಿ. 2011ರ ಬಜೆಟ್ಟು ಕಚ್ಚಾರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಒಂದೇ ಏಟಿಗೆ ಶೇ 5ಕ್ಕೆ ಇಳಿಸಿತು. ಗೂಡಿನ ಬೆಲೆ ಕುಸಿದು ರೈತ ಬೀದಿಗಿಳಿದ. 2013ರಲ್ಲಿ ಶೇ 15ಕ್ಕೆ ಏರಿಸಿದರು. ಆಗ ಗೊಣಗುವ ಸರದಿ ನೇಕಾರನದಾಯಿತು. ರೈತನಿಗೆ ಯಾವುದು ಫಸಲೋ ನೇಕಾರನಿಗೆ ಅದೇ ಕಚ್ಚಾ ಮಾಲು; ಒಬ್ಬನ ಹೊಟ್ಟೆಗೆ ಹಾಕಿದ ಬೇಲಿ ಇನ್ನೊಬ್ಬನ ಮಗ್ಗಕ್ಕೆ ತಗಲುತ್ತದೆ. ಚೀನಾದ ನೂಲನ್ನು ನೇಕಾರ ಪ್ರೀತಿಯಿಂದ ಕೊಳ್ಳುವುದಿಲ್ಲ. ಹಾಸುನೂಲಾಗಿ ಹಾಕಿದರೆ ಎಳೆ ಒಂದೇ ಸಮ ಇರುತ್ತದೆ, ತುಂಡಾಗುವುದು ಕಡಿಮೆ, ಅದಕ್ಕೆ. ನಮ್ಮಲ್ಲೂ ದ್ವಿತಳಿ ಗೂಡು ಹೆಚ್ಚಿ, ಅದನ್ನು ಬಿಚ್ಚಲು ಒಳ್ಳೆಯ ಯಂತ್ರ ರೀಲರ್ ಕೈಗೆ ಸಿಕ್ಕರೆ ರೈತ, ನೇಕಾರ ಇಬ್ಬರೂ ಬದುಕುತ್ತಾರೆ. ಅದಕ್ಕೆ ಮೊಟ್ಟೆ, ಸಾಲ, ಯಂತ್ರ, ತರಬೇತಿ, ಹತ್ತಾರು ವರ್ಷ ಬೇಕು. ಶೇಕಡಾವಾರು ಅಂಕಿ ಬದಲಿಸಲು ಒಂದು ಅಧಿಸೂಚನೆ ಸಾಕು. ಸರ್ಕಾರಗಳು ಅಂಕಿಯನ್ನು ಪ್ರೀತಿಸುವುದು ಇದಕ್ಕೇ.

ಶಂಖ ಊದಿ.

ಐದನೆಯ ಅಧ್ಯಾಯ: ಉದ್ಯಾಪನೆ

ಯಾವ ವ್ರತವೂ ಉದ್ಯಾಪನೆ ಇಲ್ಲದೆ ಫಲಿಸದು. ಇಷ್ಟು ವರ್ಷ ಎಂದು ಸಂಕಲ್ಪ, ಇಷ್ಟು ನೇಮ, ಕೊನೆಗೆ ಸಮಾಪ್ತಿ.

1983ರಲ್ಲಿ ಅಮೆರಿಕದ ಬೈಕು ಕಂಪನಿ ಹಾರ್ಲೆ ಡೇವಿಡ್‌ಸನ್ ಮುಳುಗುತ್ತಿತ್ತು. ರೇಗನ್ ಸರ್ಕಾರ 700 ಸಿಸಿ ಮತ್ತು ಮೇಲಿನ ದೊಡ್ಡ ಮೋಟಾರ್ ಸೈಕಲ್ಲುಗಳ ಮೇಲೆ ಶೇ 45 ಹೆಚ್ಚುವರಿ ಸುಂಕ ಹಾಕಿತು. ಆದರೆ ಐದೇ ವರ್ಷ. ವರ್ಷವರ್ಷವೂ ಇಳಿಯುವ ಸುಂಕ. ಜಪಾನಿನವರು 700 ಸಿಸಿಗೆ ಒಂದು ಕಡಿಮೆ ಮಾಡಿ 699 ಸಿಸಿಯ ‘ಎಲೆ, ಬಳ್ಳಿ’ ತಂದರು, ಅದಿರಲಿ. ಹಾರ್ಲೆ ಆ ಬಿಡುವಿನಲ್ಲಿ ತನ್ನನ್ನು ಸೋಲಿಸಿದ ಜಪಾನೀಯರ ಉತ್ಪಾದನಾ ವಿದ್ಯೆಯನ್ನೇ ಕಲಿತು, 1987ರಲ್ಲಿ, ಅವಧಿಗೆ ಮೊದಲೇ, “ಸುಂಕ ಸಾಕು, ತೆಗೆಯಿರಿ” ಎಂದಿತು.

ದಕ್ಷಿಣ ಕೊರಿಯಾವೂ ಎತ್ತರದ ಗೋಡೆ ಕಟ್ಟಿಕೊಂಡಿತ್ತು. ಆದರೆ ಅಧ್ಯಕ್ಷ ಪಾರ್ಕ್ ಚುಂಗ್ ಹೀ ಪ್ರತಿ ತಿಂಗಳು ತಾನೇ ಕುಳಿತು ರಫ್ತಿನ ಲೆಕ್ಕ ಕೇಳುತ್ತಿದ್ದ. ಒಳಗೆ ಬೆಚ್ಚಗಿರು, ಆದರೆ ಹೊರಗೆ ಮಾರಿ ತೋರಿಸು. ಇಲ್ಲವಾದರೆ ಸಾಲ ಬಂದ್. ಸರ್ವಾಧಿಕಾರಿಯ ದೊಣ್ಣೆ ನಮಗೆ ಬೇಡ, ಲೆಕ್ಕ ಕೇಳುವ ಆ ಪದ್ಧತಿ ಬೇಕಿತ್ತು. 1967ರಲ್ಲಿ ಹುಟ್ಟಿದ ಹುಂಡೈ 1976ರಲ್ಲೇ ತನ್ನ ಪೋನಿ ಕಾರನ್ನು ಈಕ್ವೆಡಾರಿಗೆ ಹಡಗು ಹತ್ತಿಸಿತು. 1998ರಲ್ಲಿ ಶ್ರೀಪೆರಂಬದೂರಿನಲ್ಲಿ ಸ್ಯಾಂಟ್ರೊ ಮಾಡಿ ನಮಗೇ ಮಾರಿತು. ಹುಂಡೈ ಹುಟ್ಟುವುದಕ್ಕೂ ಸುಮಾರು ಹತ್ತು ವರ್ಷ ಮೊದಲೇ ಹೊರಟಿದ್ದ ಅಂಬಾಸಡರ್ ಆಗಿನ್ನೂ ವಿಧಾನಸೌಧದ ಮುಂದೆ ಕೆಂಪು ದೀಪ ಹಾಕಿಕೊಂಡು ಮಂತ್ರಿಗಳಿಗೆ ಕಾಯುತ್ತಿತ್ತು.

“ಆದ್ದರಿಂದ” ಎಂದು ಸೂತರು ದನಿ ಏರಿಸಿದರು, “ಸುಂಕ ಕೇಳುವವರು ಅರ್ಜಿಯಲ್ಲಿ ಮೂರು ಸಾಲು ತುಂಬಬೇಕು. ಎಷ್ಟು ವರ್ಷ? ಅಷ್ಟರಲ್ಲಿ ಏನು ಕಲಿಯುತ್ತೀರಿ? ಕಲಿಯದಿದ್ದರೆ ಗಿರಾಕಿಯ ದಕ್ಷಿಣೆಯನ್ನು ಬಡ್ಡಿ ಸಮೇತ ಯಾವಾಗ ವಾಪಸು ಕೊಡುತ್ತೀರಿ?”

ಉತ್ತರ ಬರಲಿಲ್ಲ. ನಾಲ್ಕನೆಯ ಶಂಖದ ಹೊತ್ತಿಗೇ ಅಧಿಸೂಚನೆ ಹೊರಬಿದ್ದಿತ್ತು. ಪ್ರಸಾದ ಕೈಗೆ ಬಂದ ಮೇಲೆ ಉದ್ಯಾಪನೆಗೆ ಕೂರುವವರು ಯಾರು? ಸಭಾಂಗಣದಲ್ಲಿ ಉಳಿದಿದ್ದವನು ಒಬ್ಬನೇ ಗಿರಾಕಿ. ಅವನು ಭಕ್ತಿಯಿಂದ ಕುಳಿತಿರಲಿಲ್ಲ. ಸಮೋಸದ ಬಿಲ್ಲನ್ನು ಅವನ ಮುಂದೆ ಇಟ್ಟು ಹೋಗಿದ್ದರು.