ದಪ್ಪಕ್ಷರದ ದರ್ಬಾರು

ಇಂಪ್ಯಾಕ್ಟ್ ಎಂಬ ಹೆಸರು ಕೇಳಿರದಿದ್ದರೂ ಆ ಮಹಾಶಯನ ಮುಖ ನಿಮಗೆ ಪರಿಚಯವೇ. ಮೂತಿ ಸಿಂಡರಿಸಿದ ಬೆಕ್ಕಿನ ಚಿತ್ರ, ಮೇಲೊಂದು ಸಾಲು, ಕೆಳಗೊಂದು ಸಾಲು. ಎರಡೂ ಇಂಗ್ಲಿಷಿನ ದೊಡ್ಡಕ್ಷರ, ಬಿಳಿ ಮೈ, ಕಪ್ಪು ಅಂಚು. ಅದೇ ಫಾಂಟು. ಅದರಲ್ಲಿ ‘ಗುಡ್ ಮಾರ್ನಿಂಗ್’ ಎಂದು ಬರೆದರೂ ಬೆಳಗ್ಗೆ ಬೆಳಗ್ಗೆಯೇ ಸಾಲ ವಸೂಲಿಗೆ ಬಂದವನು ಬಾಗಿಲು ಬಡಿದ ಹಾಗಿರುತ್ತದೆ.

ಇವನ ಹುಟ್ಟೂರು ಇಂಗ್ಲೆಂಡಿನ ಶೆಫೀಲ್ಡ್. ಅಲ್ಲಿನ ಸ್ಟೀಫನ್ಸನ್ ಬ್ಲೇಕ್ ಎಂಬ ಅಚ್ಚುಮೊಳೆ ಕಾರ್ಖಾನೆ 1965ರಲ್ಲಿ ಇವನನ್ನು ಸೀಸದಲ್ಲಿ ಎರಕ ಹೊಯ್ದು ಬಿಟ್ಟಿತು. ಬರೆದವರು ಜೆಫ್ರಿ ಲೀ, ಕಸುಬು ಜಾಹೀರಾತು. ಕಸುಬು ಗೊತ್ತಾದ ಮೇಲೆ ಉಳಿದದ್ದನ್ನು ಹೇಳಬೇಕಾಗಿಯೇ ಇಲ್ಲ! ಕೊಟ್ಟ ಅಳತೆಯೊಳಗೆ ಎಷ್ಟು ಮಸಿ ಹಿಡಿಯುತ್ತದೋ ಅಷ್ಟನ್ನೂ ತುಂಬಿಬಿಡಬೇಕು ಎನ್ನುವುದು ಅವರ ಹಟ. ಅದಕ್ಕೇ ಸಣ್ಣಕ್ಷರಗಳನ್ನೂ ದೊಡ್ಡಕ್ಷರಗಳ ಹೆಗಲಿನವರೆಗೆ ಎತ್ತಿ ನಿಲ್ಲಿಸಿದರು. ಮೇಲೆ ಚಾಚುವ ಕೋಲುಗಳನ್ನೂ ಕೆಳಗೆ ಇಳಿಯುವ ಬಾಲಗಳನ್ನೂ ಮೊಟಕು ಮಾಡಿದರು. ‘ಓ’ದ ಹೊಟ್ಟೆಯೊಳಗಿನ ಬಯಲನ್ನು ಒತ್ತಿ ಒತ್ತಿ ಒಂದು ಸೀಳು ಮಾತ್ರ ಉಳಿಸಿದರು. ಉಸಿರಾಡಲು ಅಷ್ಟು ಸಾಕು ಎಂದಿರಬೇಕು.

ಇಂಥ ದಾಂಡಿಗತನಕ್ಕೆ ಆಗ ಒಳ್ಳೆಯ ಸುಗ್ಗಿಯೂ ಇತ್ತು. ಸ್ವಿಟ್ಜರ್ಲೆಂಡಿನ ವಾಲ್ಟರ್ ಹೆಟನ್‌ಶ್ವೈಲರ್ 1954ರಲ್ಲೇ ಇಂಥದ್ದೊಂದನ್ನು ಬರೆದಿದ್ದರು. 1963ರಲ್ಲಿ ಲೆಟ್ರಾಸೆಟ್ ಕಂಪನಿಯ ಕಾಂಪ್ಯಾಕ್ಟಾ ಬಂತು. ಹಾಳೆಯನ್ನು ಕಾಗದದ ಮೇಲಿಟ್ಟು ಉಜ್ಜಿದರೆ ಸಾಕು, ಅಕ್ಷರ ಅಂಟಿಕೊಳ್ಳುತ್ತಿತ್ತು. ಅದರೆದುರು ಸೀಸದ ಮೊಳೆ ಹೊತ್ತು ನಿಂತ ಇಂಪ್ಯಾಕ್ಟ್ ಮುಗಿದ ಜಾತ್ರೆಗೆ ಬಂದ ಅಂಗಡಿಯವನೇ ಸರಿ. ಆದರೆ ಹಣೆಬರಹ ಗಟ್ಟಿಯಿತ್ತು. 1996ರಲ್ಲಿ ಮೈಕ್ರೋಸಾಫ್ಟ್ ವೆಬ್ಬಿಗೆಂದು ಒಂದಷ್ಟು ಫಾಂಟುಗಳನ್ನು ಪುಕ್ಕಟೆ ಹಂಚಿತು, ಅದರಲ್ಲಿ ಇವನೂ ನುಸುಳಿದ. ಊರೆಲ್ಲರ ಕಂಪ್ಯೂಟರಿನಲ್ಲಿ ಗ್ಯಾರಂಟಿಯಾಗಿ ಸಿಗುವ ದಪ್ಪ ಅಕ್ಷರ, ಅದೂ ದುಡ್ಡಿಲ್ಲದೆ! ಮೀಮು ಮಾಡುವವರಿಗೆ ಇನ್ನೇನು ಬೇಕು? ಬಿಳಿ ಬಣ್ಣ ಬಳಿದು ಕಪ್ಪು ಅಂಚು ಕಟ್ಟಿದರೆ ಹಿಂದಿರುವುದು ಹಿಮವಾಗಲಿ ಇದ್ದಿಲಾಗಲಿ ಓದಬಹುದು. ಸೌಂದರ್ಯ ಸ್ಪರ್ಧೆಯಲ್ಲಿ ಗೆದ್ದು ಬಂದವನಲ್ಲ ಬಿಡಿ, ಕೈಗೆ ಸಿಕ್ಕಿದ್ದಕ್ಕೆ ಗೆದ್ದವನು.

ಇಕ್ಕಟ್ಟಿನ ಅಕ್ಷರದ ಲೆಕ್ಕಾಚಾರ ಪತ್ರಿಕೆಯ ಡೆಸ್ಕಿನಲ್ಲಿ ಕೂತವರಿಗೆ ಗೊತ್ತು. ಕಾಲಮ್ಮಿನ ಅಗಲ ಬೆಳೆಯುವುದಿಲ್ಲ, ಮಂತ್ರಿಗಳ ಹೆಸರು ಕುಗ್ಗುವುದಿಲ್ಲ. ಆದ್ದರಿಂದ ಅಕ್ಷರ ತೆಳ್ಳಗಾಗಿ ಎತ್ತರಕ್ಕೆ ಹೋಗಬೇಕು. ಹಾಗಂತ ಇದೇ ಅಕ್ಷರದಲ್ಲಿ ಇಡೀ ಪುಟ ಜೋಡಿಸಿದರೆ ಓದುವವರ ಕಣ್ಣು ಎರಡನೇ ಪ್ಯಾರಾಕ್ಕೇ ರಜೆ ಚೀಟಿ ಬರೆಯುತ್ತದೆ. ನಾಲ್ಕೈದು ಪದದ ತಲೆಬರಹ, ಸಿನಿಮಾ ಪೋಸ್ಟರು, ರಿಯಾಯಿತಿ ಮಾರಾಟದ ಬೋರ್ಡು, ಇವನ ಸೀಮೆ ಅಷ್ಟೇ. ಅಪಾರ್ಟ್‌ಮೆಂಟಿನ ಕಾರ್ಯದರ್ಶಿಗಳು ಮಾತ್ರ ನೀರಿನ ಟ್ಯಾಂಕ್ ತೊಳೆಯುವ ನೋಟೀಸನ್ನು ಪೂರ್ತಿ ಇದರಲ್ಲೇ ಹೊಡೆದು ಅಂಟಿಸುತ್ತಾರೆ. ಓದಿ ಮುಗಿಸುವಷ್ಟರಲ್ಲಿ ಟ್ಯಾಂಕು ತೊಳೆದಾಗಿರುತ್ತದೆ.

ಇನ್ನು ನಮ್ಮ ಕನ್ನಡದ ಪಾಡು ಬೇರೆ. ಇಂಪ್ಯಾಕ್ಟಿನಲ್ಲಿ ಕನ್ನಡವೇ ಇಲ್ಲ. ಅದನ್ನೇ ಆರಿಸಿ ಕನ್ನಡ ಕುಟ್ಟಿದರೆ ಕಂಪ್ಯೂಟರು ಸದ್ದಿಲ್ಲದೆ ಬೇರೊಂದು ಫಾಂಟನ್ನು ತಂದು ಕೂರಿಸುತ್ತದೆ. ವಿಂಡೋಸಿನ ಹಳೆಯ ದಿನಗಳಲ್ಲಿ ಹಾಗೆ ಬರುತ್ತಿದ್ದದ್ದು ತುಂಗಾ. ಮೇಲಿನ ಸಾಲಿನಲ್ಲಿ ಇಂಗ್ಲಿಷು ತೊಡೆ ತಟ್ಟುತ್ತಿದ್ದರೆ ಕೆಳಗಿನ ಕನ್ನಡ ಉಪವಾಸ ಮುಗಿಸಿ ಎದ್ದಂತೆ ಕಾಣುತ್ತಿತ್ತು. ಕೂಗೋಣವೆಂದರೆ ನಮ್ಮಲ್ಲಿ ದೊಡ್ಡಕ್ಷರಗಳೂ ಇಲ್ಲ. ಜೊತೆಗೆ ನಮ್ಮ ಅಕ್ಷರಗಳೋ ದುಂಡುದುಂಡು. ತಲೆಯ ಮೇಲೆ ತಲೆಕಟ್ಟು, ಪಕ್ಕದಲ್ಲಿ ಕೊಂಬು, ಕಾಲಡಿ ಒತ್ತು. ಬಾಲ ಕತ್ತರಿಸಿ ಸಾಲುಗಳನ್ನು ಹತ್ತಿರ ತಂದ ಲೀ ಸಾಹೇಬರ ಉಪಾಯ ‘ಶಾಸ್ತ್ರ’ದ ಮುಂದೆ ನಡೆಯುವುದಿಲ್ಲ.

ಫ್ಲೆಕ್ಸ್ ಅಂಗಡಿಯ ಹುಡುಗರು ಇದಕ್ಕೆಲ್ಲ ಅಂಜುವವರಲ್ಲ. ಕೋರೆಲ್ ಡ್ರಾದಲ್ಲಿ ಅಕ್ಷರದ ಎರಡು ಪಕ್ಕೆ ಹಿಡಿದು ಒಳಕ್ಕೆ ತಳ್ಳಿದರಾಯಿತು. ಆಗ ನಿಂತ ಗೆರೆಗಳು ಸೊರಗುತ್ತವೆ, ಮಲಗಿದ ಗೆರೆಗಳು ಮೊದಲಿನಷ್ಟೇ ದಪ್ಪ ಉಳಿಯುತ್ತವೆ, ತಲೆಕಟ್ಟು ಹೊರಲಾರದ ಹೊರೆಯಾಗುತ್ತದೆ. ಇಕ್ಕಟ್ಟಿನ ಅಕ್ಷರವನ್ನು ಇಕ್ಕಟ್ಟಾಗಿಯೇ ಬರೆಯಬೇಕು, ಆಮೇಲೆ ಹಿಂಡಬಾರದು. ಏಕ್ ಟೈಪ್ ಬಳಗದ ‘ಅನೇಕ್ ಕನ್ನಡ’ ಈ ಕೆಲಸವನ್ನು ಮರ್ಯಾದೆಯಾಗಿ ಮಾಡಿದೆ. ಒಂದೇ ಫಾಂಟಿನಲ್ಲಿ ಸಣಕಲಿನಿಂದ ಡೊಳ್ಳಿನವರೆಗೆ, ಇಕ್ಕಟ್ಟಿನಿಂದ ವಿಶಾಲದವರೆಗೆ ಬೇಕಾದ್ದು ಸಿಗುತ್ತದೆ, ಅದೂ ಪುಕ್ಕಟೆ. ಅಂಗಡಿಯಲ್ಲಿ ಹೇಳಿ ನೋಡಿ, ‘ಅಣ್ಣ, ಎಳೆದ್ರೆ ಬೇಗ ಆಗುತ್ತೆ’ ಅನ್ನುತ್ತಾರೆ.

ಅವರನ್ನೂ ಪೂರ್ತಿ ದೂರುವಂತಿಲ್ಲ. ಬ್ಯಾನರಿನ ಮುಕ್ಕಾಲು ಪಾಲು ಹುಟ್ಟುಹಬ್ಬದ ನಾಯಕರ ಫೋಟೋ, ಉಳಿದದ್ದರಲ್ಲಿ ಹಾರ, ಸಿಂಹ, ಶುಭ ಕೋರುವವರ ಮೂವತ್ತು ತಲೆ. ನಡುವೆ ಸಿಕ್ಕ ಗೇಣು ಜಾಗದಲ್ಲಿ ‘ರಾಷ್ಟ್ರೀಯ ಕಾರ್ಯಾಧ್ಯಕ್ಷರು’ ಎಂದು ದಪ್ಪಗೆ ಬರೆಯಿರಿ ಎಂದರೆ ಯಾವ ಫಾಂಟು ಏನು ಮಾಡೀತು? ಒಂದಕ್ಷರಕ್ಕೆ ಎರಡೆರಡು ಒತ್ತು ಕೆಳಗೆ ಜೋತು ಬೀಳುತ್ತವೆ, ಅರ್ಕಾವತ್ತು ಪಕ್ಕಕ್ಕೆ ಮೊಣಕೈ ಚಾಚುತ್ತದೆ. ‘ಯುವ ನಾಯಕ’ ಆದರೆ ಒಂದೇ ಒಂದು ಒತ್ತಿಲ್ಲ, ಎಷ್ಟು ದಪ್ಪ ಮಾಡಿದರೂ ನಿಲ್ಲುತ್ತದೆ. ಅರವತ್ತು ದಾಟಿದವರೂ ನಮ್ಮಲ್ಲಿ ಯುವ ನಾಯಕರಾಗಿಯೇ ಉಳಿದಿರುವುದಕ್ಕೆ ಫ್ಲೆಕ್ಸ್ ಅಂಗಡಿಯವರ ಒತ್ತಾಯವೂ ಕಾರಣವಿರಬಹುದು.