ಅಗ್ಗದ ಕಾರಿಗೊಂದು ಲಕ್ಷಣಗ್ರಂಥ

ಬೆಲೆ ಕಡಿಮೆಯಿರಬೇಕು ಮತ್ತು ಆ ಬೆಲೆ ಊರಿನಲ್ಲಿ ಯಾರಿಗೂ ತಿಳಿದಿರಬಾರದು. ಈ ಎರಡು ಲಕ್ಷಣಗಳಿಂದ ಕೂಡಿದ ನಾಲ್ಕು ಚಕ್ರದ ವಾಹನಕ್ಕೆ ಮಿತವ್ಯಯದ ಕಾರು ಎಂದು ಹೆಸರು. ಎರಡನೆಯ ಲಕ್ಷಣವನ್ನು ತಯಾರಕರು ಬಹುಕಾಲ ಅಲಕ್ಷಿಸಿದರು. 2008ರ ಜನವರಿ 10ರಂದು ದೆಹಲಿಯ ವಾಹನ ಪ್ರದರ್ಶನದಲ್ಲಿ ಟಾಟಾ ನ್ಯಾನೊ ಅನಾವರಣಗೊಂಡಾಗ, ಅದರ ಬೆಲೆ ಒಂದು ಲಕ್ಷ ರೂಪಾಯಿ ಎಂಬ ಸಂಗತಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು. ಅದರ ಹಿನ್ನಡೆಗೆ 624 ಸಿಸಿ ಎಂಜಿನನ್ನು, ಅದನ್ನು ಹಿಂಬದಿಯಲ್ಲಿ ಇರಿಸಿದ ಕ್ರಮವನ್ನು ಕಾರಣವೆಂದು ಹೇಳುವವರು ವಿಷಯವನ್ನು ಸರಿಯಾಗಿ ಅಭ್ಯಸಿಸಿಲ್ಲ. ದೋಷವಿದ್ದದ್ದು ಪ್ರಚಾರದಲ್ಲಿ. ಒಂದು ಲಕ್ಷವೆಂದು ಜಗಳೂರಿನ ಅಂಗನವಾಡಿ ಮಕ್ಕಳಿಗೂ ಗೊತ್ತಿರುವ ಕಾರನ್ನು ಯಾವ ಗೃಹಸ್ಥನೂ ಬೀಗರ ಮನೆಯ ಮುಂದೆ ನಿಲ್ಲಿಸಲಾರ. 2018ರ ನಂತರ ನ್ಯಾನೊ ತಯಾರಿಕೆ ನಿಂತಿತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಮಾತ್ರ 2014ರ ಆರಂಭದವರೆಗೆ ಬಾಳಿತು. ಅದರ ಬೆಲೆ ಆಗಾಗ ಬದಲಾಗುತ್ತಿದ್ದುದರಿಂದ ನೆಂಟರಿಗೆ ಲೆಕ್ಕ ಸಿಗಲಿಲ್ಲ.

ಪ್ರಸ್ತುತ ಅಧ್ಯಯನವು ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳಿಗೆ ಸೀಮಿತವಾಗಿದೆ. ದಾವಣಗೆರೆ ನಗರದವರನ್ನು ಉದ್ದೇಶಪೂರ್ವಕವಾಗಿ ಕೈಬಿಡಲಾಗಿದೆ. ಅವರಿಗೆ ಶೋರೂಮುಗಳು ಮನೆ ಬಾಗಿಲಲ್ಲೇ ಇರುವುದರಿಂದ ಬೆಣ್ಣೆದೋಸೆ ತಿಂದು ಕೈ ತೊಳೆಯುವಷ್ಟರಲ್ಲಿ ನಿರ್ಧಾರ ಮುಗಿದುಹೋಗುತ್ತದೆ. ಹೀಗೆ ತಟ್ಟನೆ ಮುಗಿಯುವ ಕಡೆ ಶಾಸ್ತ್ರ ಬೆಳೆಯುವುದಿಲ್ಲ.

ಮೊದಲನೆಯದಾಗಿ ಬೆಲೆ. 2025ರ ಸೆಪ್ಟೆಂಬರ್ 22ರಂದು ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಸಣ್ಣ ಕಾರು ಎನಿಸಿಕೊಳ್ಳಲು ಉದ್ದ ನಾಲ್ಕು ಮೀಟರ್ ಮೀರಬಾರದು, ಪೆಟ್ರೋಲ್ ಎಂಜಿನು 1200 ಸಿಸಿ ದಾಟಬಾರದು. ಭಾರತದ ಅನೇಕ ಕಾರುಗಳ ಹಿಂಭಾಗ ಯಾರೋ ಕುಡುಗೋಲಿನಿಂದ ಕೊಯ್ದಂತೆ ಕಾಣುವುದಕ್ಕೆ ಸೌಂದರ್ಯದೃಷ್ಟಿ ಕಾರಣವಲ್ಲ, ತೆರಿಗೆಯೇ ಕಾರಣ. ಈ ಇಳಿಕೆಯ ಬಳಿಕ ಆರಂಭಿಕ ಮಾದರಿಗಳ ಶೋರೂಂ ಬೆಲೆಗಳು ಸರಿಸುಮಾರು ಹೀಗೆ ನಿಂತವು: ಎಸ್-ಪ್ರೆಸೊ ಮೂರೂವರೆ ಲಕ್ಷ, ಆಲ್ಟೊ ಕೆ10 3.70 ಲಕ್ಷ, ಕ್ವಿಡ್ 4.30 ಲಕ್ಷ, ಟಿಯಾಗೊ 4.57 ಲಕ್ಷ, ಸೆಲೆರಿಯೊ 4.70 ಲಕ್ಷ, ವ್ಯಾಗನ್ ಆರ್ ಐದು ಲಕ್ಷಕ್ಕೆ ತುಸು ಕಡಿಮೆ, ಪಂಚ್ ಐದೂವರೆ ಲಕ್ಷ.

ಈ ಪಟ್ಟಿಯನ್ನು ಏಕಾಗ್ರಚಿತ್ತದಿಂದ ನೋಡಿದಾಗ ಒಂದು ಸತ್ಯ ಗೋಚರಿಸುತ್ತದೆ. ಒಂದು ಕಾರಿನಿಂದ ಮುಂದಿನ ಕಾರಿಗಿರುವ ಅಂತರ ಎಲ್ಲಿಯೂ ಅರವತ್ತು ಸಾವಿರವನ್ನು ದಾಟುವುದಿಲ್ಲ. ಆದ್ದರಿಂದ ಮೂರೂವರೆ ಲಕ್ಷ ಕಟ್ಟಿಕೊಂಡು ಮನೆಯಿಂದ ಹೊರಟವನು ಯಾವ ಹಂತದಲ್ಲಿಯೂ ದೊಡ್ಡ ತಪ್ಪು ಮಾಡದೆ ಐದೂವರೆ ಲಕ್ಷವನ್ನು ತಲುಪುತ್ತಾನೆ. ಪ್ರತಿ ಮೆಟ್ಟಿಲಿನ ಬಳಿಯೂ ಒಬ್ಬ ಸೋದರಮಾವ ನಿಂತಿರುತ್ತಾರೆ. ಅವರು ಹೇಳುವುದು ಒಂದೇ ವಾಕ್ಯ: “ಇನ್ನೊಂದು ಐವತ್ತು ಹಾಕಿದ್ರೆ ಅದೇ ಬರ್ತತೆ ಕಣೋ.” ಈ ಐವತ್ತನ್ನು ಯಾರು ಹಾಕಬೇಕು ಎಂಬ ಪ್ರಶ್ನೆ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ. ಐದೂವರೆಯ ಮೇಲೂ ಮೆಟ್ಟಿಲುಗಳಿವೆ. ಆಲ್ಟೊ ನೋಡಲು ಹೋದವರು ಎಲ್ಲೂ ಎಡವದೆ ಫಾರ್ಚುನರ್‌ವರೆಗೆ ಏರಬಹುದೆಂದು ತತ್ವಶಃ ಸಾಧಿಸಬಹುದು. ಪ್ರಯೋಗಕ್ಕೆ ಮಾತ್ರ ಬ್ಯಾಂಕಿನವರು ಒಪ್ಪುವುದಿಲ್ಲ.

ಮೆಟ್ಟಿಲಿನ ಎತ್ತರ ರೂಪಾಯಿಯಲ್ಲಿ ಒಂದೇ ಆಗಿದ್ದರೂ ತಾಲ್ಲೂಕಿನಿಂದ ತಾಲ್ಲೂಕಿಗೆ ವ್ಯತ್ಯಾಸವಾಗುತ್ತದೆ. ಚನ್ನಗಿರಿಯಲ್ಲಿ ಅದನ್ನು ರಾಶಿ ಅಡಿಕೆಯಲ್ಲಿ ಅಳೆಯುತ್ತಾರೆ. ರಾಶಿ ಅಡಿಕೆ ಕ್ವಿಂಟಲಿಗೆ ಐವತ್ತು, ಅರವತ್ತು ಸಾವಿರದ ಆಸುಪಾಸಿನಲ್ಲಿ ಇರುವ ವರ್ಷಗಳಲ್ಲಿ ಒಂದು ಮೆಟ್ಟಿಲೆಂದರೆ ಒಂದೇ ಕ್ವಿಂಟಲ್. ಅಡಿಕೆ ಮಾರಾಟದ ಸಹಕಾರ ಸಂಘವಾದ ತುಮ್ಕೋಸ್‌ನಲ್ಲಿ ಅಡಿಕೆ ಬಿಟ್ಟು ಬಂದ ರೈತ ಬೆಳಿಗ್ಗೆ ಆಲ್ಟೊ ಮನಸ್ಸಿನಲ್ಲಿದ್ದರೆ, ಸಂಜೆ ಧಾರಣೆ ನೋಡಿದ ಮೇಲೆ ಟಿಯಾಗೊ ಮನಸ್ಸಿನಲ್ಲಿರುತ್ತಾನೆ. ಧಾರಣೆ ಬಿದ್ದ ದಿನ ಅವನು ಕಾರಿನ ವಿಷಯವನ್ನೇ ಎತ್ತುವುದಿಲ್ಲ, ಪರಿಸರ ಮಾಲಿನ್ಯದ ಬಗ್ಗೆ ಮಾತನಾಡುತ್ತಾನೆ.

ಹೊನ್ನಾಳಿಯಲ್ಲಿ ಮಾನದಂಡ ಭತ್ತ. 2025-26ನೇ ಸಾಲಿಗೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ, ಅಂದರೆ ಅರವತ್ತು ಸಾವಿರದ ಒಂದು ಮೆಟ್ಟಿಲಿಗೆ ಇಪ್ಪತ್ತೈದು ಕ್ವಿಂಟಲಿಗೂ ಮಿಕ್ಕಿದ ಭತ್ತ. ಭತ್ತಕ್ಕೆ ನಾಲೆಯ ನೀರು ಬೇಕು, ನಾಲೆಗೆ ಭದ್ರಾ ಜಲಾಶಯ ತುಂಬಬೇಕು, ಜಲಾಶಯದ ಪೂರ್ಣ ಮಟ್ಟ 186 ಅಡಿ. ಹೀಗಾಗಿ ನಾಲೆಯ ಕೊನೆ ಭಾಗದ ಊರುಗಳಲ್ಲಿ ಕಾರಿನ ಮಾದರಿಯನ್ನು ಕೊಳ್ಳುವವನು ನಿರ್ಧರಿಸದೆ ನೀರಾವರಿ ಸಲಹಾ ಸಮಿತಿಯೇ ನಿರ್ಧರಿಸುತ್ತದೆ. ಸಮಿತಿಯ ಸದಸ್ಯರಿಗೆ ತಾವು ವ್ಯಾಗನ್ ಆರ್ ಮಂಜೂರು ಮಾಡುತ್ತಿದ್ದೇವೆಂಬ ಅರಿವು ಇರುವಂತೆ ತೋರುವುದಿಲ್ಲ.

ಜಗಳೂರಿನಲ್ಲಿ ಮೆಕ್ಕೆಜೋಳ. ಅದೇ ಸಾಲಿನ ಬೆಂಬಲ ಬೆಲೆ 2,400 ರೂಪಾಯಿಯಂತೆ ಒಂದು ಮೆಟ್ಟಿಲಿಗೆ ಸರಿಯಾಗಿ ಇಪ್ಪತ್ತೈದು ಕ್ವಿಂಟಲ್. ಆ ಬೆಲೆ ಕಾಗದದಲ್ಲಿ ಇದ್ದಷ್ಟು ಸುಲಭವಾಗಿ ಮಂಡಿಯಲ್ಲಿ ಇರುವುದಿಲ್ಲವಾದ್ದರಿಂದ ಇಲ್ಲಿನ ಮೆಟ್ಟಿಲುಗಳು ಜಿಲ್ಲೆಯಲ್ಲೇ ಅತಿ ಎತ್ತರವಾದವು. ಜಗಳೂರಿನ ಗ್ರಾಹಕನು ಮೊದಲ ಮೆಟ್ಟಿಲ ಮೇಲೆ ಕುಳಿತು ಮಳೆ ಕಾಯುತ್ತಾನೆ. ತುಂಗಭದ್ರೆಯ ನೀರನ್ನು ಎತ್ತಿ ತಂದು 57 ಕೆರೆ ತುಂಬಿಸುವ ಯೋಜನೆ ಬಂದ ಮೇಲೆ ಅವನ ಕುಳಿತ ಭಂಗಿಯಲ್ಲಿ ಸ್ವಲ್ಪ ಚೇತರಿಕೆ ಕಂಡುಬಂದಿದೆ.

ನ್ಯಾಮತಿಯ ಬಗ್ಗೆ ಹೆಚ್ಚು ಹೇಳಲು ಬರುವುದಿಲ್ಲ. ಹೊನ್ನಾಳಿಯಿಂದ ಬೇರ್ಪಟ್ಟು ಹೊಸ ತಾಲ್ಲೂಕಾದ ಕಾರಣ ಅಲ್ಲಿ ಇನ್ನೂ ಕಚೇರಿಗಳೇ ನೆಲೆಗೊಳ್ಳುವ ಕಾಲ. ಸದ್ಯಕ್ಕೆ ಅವರು ಕಾರನ್ನು ಶಿವಮೊಗ್ಗದಲ್ಲಿ ನೋಡಿ, ದಾವಣಗೆರೆಯಲ್ಲಿ ಚೌಕಾಸಿ ಮಾಡಿ, ಹೊನ್ನಾಳಿಯವರು ಏನು ಕೊಂಡರೆಂದು ವಿಚಾರಿಸಿ, ಅದನ್ನು ಬಿಟ್ಟು ಬೇರೆಯದನ್ನು ಕೊಳ್ಳುತ್ತಾರೆ. ಸ್ವತಂತ್ರ ತಾಲ್ಲೂಕಿಗೆ ಇದು ಸಹಜ.

ಮೇಲೆ ಹೇಳಿದ ಬೆಲೆಗಳೆಲ್ಲ ಕಾರು ಶೋರೂಮಿನೊಳಗೆ ಇರುವಷ್ಟು ಕಾಲ ಮಾತ್ರ ಅನ್ವಯಿಸುತ್ತವೆ. ಅದನ್ನು ರಸ್ತೆಗೆ ತರಬೇಕೆಂದು ಹಟ ಹಿಡಿದರೆ ರಾಜ್ಯ ಸರ್ಕಾರದ ಆಜೀವ ತೆರಿಗೆ, ಅಂದರೆ ಐದು ಲಕ್ಷದವರೆಗೆ ಶೇ. 13, ಅದರ ಮೇಲೆ ಹತ್ತು ಲಕ್ಷದವರೆಗೆ ಶೇ. 14, ಆ ತೆರಿಗೆಯ ಮೇಲೆ ಸೆಸ್, ಬಳಿಕ ವಿಮೆ, ನೋಂದಣಿ, ಕಾಲಡಿಯ ಮ್ಯಾಟು, ಹಿಂಬದಿಯ ಗಾಜಿಗೆ “ತಂದೆ ತಾಯಿ ಆಶೀರ್ವಾದ” ಇವೆಲ್ಲ ಕೂಡುತ್ತವೆ. ತಂದೆ ತಾಯಿ ಮುಂಗಡ ಹಣ ಕೊಟ್ಟಿದ್ದರೆ ಅಕ್ಷರಗಳು ದೊಡ್ಡದಾಗಿರುತ್ತವೆ. ಕಾರನ್ನು ಶೋರೂಮಿನಲ್ಲೇ ಬಿಟ್ಟು ವಾರಕ್ಕೊಮ್ಮೆ ಹೋಗಿ ಕುಳಿತು ಬರುವುದು ಅತ್ಯಂತ ಮಿತವ್ಯಯದ ಕ್ರಮವಾದರೂ ವಿತರಕರು ಇನ್ನೂ ಇದಕ್ಕೆ ಸಮ್ಮತಿಸಿಲ್ಲ. ರಿಯಾಯಿತಿ ಆಷಾಢದಲ್ಲಿ ಹೆಚ್ಚು, ಏಕೆಂದರೆ ಆಷಾಢದಲ್ಲಿ ಯಾರೂ ಕೊಳ್ಳುವುದಿಲ್ಲ. ವಿವೇಕಿಗಳು ಆಷಾಢದ ಬೆಲೆಗೆ ಬುಕ್ ಮಾಡಿ ಶ್ರಾವಣದ ಮುಹೂರ್ತದಲ್ಲಿ ಮನೆಗೆ ತರುತ್ತಾರೆ. ಈ ಅಧ್ಯಯನದಲ್ಲಿ ನೇರ ಪ್ರಯೋಜನಕ್ಕೆ ಬರುವ ಸಂಗತಿ ಇದೊಂದೇ.

ಎರಡನೆಯದಾಗಿ ಮೈಲೇಜು. “ಎಷ್ಟು ಕೊಡ್ತತೆ?” ಎಂಬುದು ಈ ನಾಲ್ಕು ತಾಲ್ಲೂಕುಗಳಲ್ಲಿ ಕಾರನ್ನು ಕುರಿತು ಕೇಳಲಾಗುವ ಮೊದಲ ಪ್ರಶ್ನೆ. ಆಲ್ಟೊ ಕೆ10 ಲೀಟರಿಗೆ 24.39 ಕಿ.ಮೀ. ಕೊಡುತ್ತದೆಂದು ಪ್ರಮಾಣಪತ್ರ ಹೇಳುತ್ತದೆ. ಈ ಅಂಕಿಯನ್ನು ಪ್ರಯೋಗಾಲಯದಲ್ಲಿ ತಿರುಗುವ ಉರುಳೆಗಳ ಮೇಲೆ ಕಾರನ್ನು ನಿಲ್ಲಿಸಿ ಪಡೆಯಲಾಗುತ್ತದೆ. ಚಕ್ರ ಓಡುತ್ತದೆ, ಕಾರು ಓಡುವುದಿಲ್ಲ. ಇದು ಗ್ರಾಹಕರಿಗೆ ಮೋಸ ಎಂಬ ಟೀಕೆ ಇದೆ. ಆದರೆ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಹೊಸ ಕಾರು ತಿಂಗಳ ಬಹುಪಾಲು ಟ್ರ್ಯಾಕ್ಟರಿನ ಪಕ್ಕದ ಶೆಡ್ಡಿನಲ್ಲಿ ಹೊದಿಕೆ ಹೊದ್ದು ನಿಂತೇ ಇರುವುದರಿಂದ ಪ್ರಯೋಗಾಲಯದ ಪರಿಸ್ಥಿತಿ ವಾಸ್ತವಕ್ಕೆ ಬಹಳ ಹತ್ತಿರವಾಗಿದೆ. ಮಾಲೀಕನು ನಿಜವಾದ ಮೈಲೇಜಿಗೆ ಎರಡು ಕೂಡಿಸಿ ಹೇಳುತ್ತಾನೆ, ಕೇಳಿದವನು ಐದು ಕಳೆದು ನಂಬುತ್ತಾನೆ. ಹೀಗೆ ಪ್ರತಿ ಲೀಟರಿಗೆ ಮೂರು ಕಿಲೋಮೀಟರು ಸಮಾಜದಲ್ಲಿ ಎಲ್ಲಿಯೋ ಸೋರಿಹೋಗುತ್ತಿದೆ. ಎಸಿ ಹಾಕಿದರೆ ಮೈಲೇಜು ಇಳಿಯುತ್ತದಾದ್ದರಿಂದ ಅದನ್ನು ಬೀಗರು ಕುಳಿತಾಗ ಮಾತ್ರ ಚಾಲೂ ಮಾಡುವುದು ರೂಢಿ. ಬೀಗರು ಇಳಿದ ಕೂಡಲೇ ಗಾಜು ಇಳಿಯುತ್ತದೆ.

ಡಿಕ್ಕಿಯ ಜಾಗವನ್ನು ಲೀಟರಿನಲ್ಲಿ ಹೇಳುವ ಅಂತರರಾಷ್ಟ್ರೀಯ ಪದ್ಧತಿ ಹೈನುಗಾರರ ಅನುಕೂಲಕ್ಕಾಗಿ ಏರ್ಪಟ್ಟದ್ದೆಂದು ಭಾವಿಸಲು ಅವಕಾಶವಿದೆ. ಆಲ್ಟೊ 214 ಲೀಟರ್, ಟಿಯಾಗೊ 242, ಕ್ವಿಡ್ 279, ವ್ಯಾಗನ್ ಆರ್ 341. ನಲವತ್ತು ಲೀಟರಿನ ಹಾಲಿನ ಕ್ಯಾನಿನ ಲೆಕ್ಕದಲ್ಲಿ ಆಲ್ಟೊಗೆ ಐದು ಕ್ಯಾನು, ವ್ಯಾಗನ್ ಆರ್‌ಗೆ ಎಂಟು. ಗಣಿತ ಇಷ್ಟು ಸ್ಪಷ್ಟವಾಗಿದ್ದರೂ ಕ್ಯಾನುಗಳು ಗುಂಡಗಿರುವುದರಿಂದ ಹಾಗೆ ಹಿಡಿಸುವುದಿಲ್ಲ. ಈ ಕಾರಣಕ್ಕೆ ಹೊನ್ನಾಳಿ ಕಡೆ ಪರೀಕ್ಷೆಗೆ 45 ಕೆಜಿಯ ಯೂರಿಯಾ ಚೀಲವನ್ನೇ ಬಳಸುವುದು ಉಚಿತ. ಚೀಲವನ್ನು ಶೋರೂಮಿಗೆ ಒಯ್ಯುವಾಗ ಮುಂಚಿತವಾಗಿ ತಿಳಿಸುವುದು ಸೌಜನ್ಯ.

ನೆಲದಿಂದ ಕಾರಿನ ಹೊಟ್ಟೆಗಿರುವ ಅಂತರ ಇನ್ನೊಂದು ಗಂಭೀರ ವಿಷಯ. ಟಿಯಾಗೊ 170 ಮಿಲಿಮೀಟರ್, ಕ್ವಿಡ್ 184, ಪಂಚ್ 187. ನಗರದವರು ಇದನ್ನು ರಸ್ತೆ ಉಬ್ಬಿಗೆ ಹೋಲಿಸುತ್ತಾರೆ. ಜಗಳೂರು, ನ್ಯಾಮತಿ ಕಡೆ ಸುಗ್ಗಿಯಲ್ಲಿ ಅರ್ಧ ರಸ್ತೆ ಮೆಕ್ಕೆಜೋಳ ಒಣಗಲು ಮೀಸಲು, ಉಳಿದರ್ಧ ಆ ಜೋಳಕ್ಕೆ ಕಾವಲಿಟ್ಟ ಕಲ್ಲುಗಳಿಗೆ ಮೀಸಲು. ಆ ಕಲ್ಲುಗಳ ಎತ್ತರವನ್ನು ಯಾವ ತಯಾರಕನೂ ಅಳೆಯಿಸಿಲ್ಲ. ರಾಗಿ ಕಾಲದಲ್ಲಂತೂ ತೆನೆಯನ್ನು ಟಾರಿನ ಮೇಲೆ ಹರಡಿ, ಹಾದುಹೋಗುವ ಗಾಡಿಗಳಿಂದ ಒಕ್ಕಣೆ ಮಾಡಿಸಿಕೊಳ್ಳುವುದು ಹಳೆಯ ಏರ್ಪಾಡು. ಈ ದೃಷ್ಟಿಯಿಂದ ಹಗುರವಾದ ಆಲ್ಟೊ ದುರ್ಬಲ ಯಂತ್ರ. ಅದು ಎರಡು ಸಲ ಹೋದರೂ ಕಾಳು ಸರಿಯಾಗಿ ಉದುರುವುದಿಲ್ಲ ಎಂದು ರೈತರು ಅದನ್ನು ಹಿಂದಕ್ಕೆ ಕರೆದು ಮತ್ತೊಮ್ಮೆ ಹಾಯಿಸುವುದುಂಟು. ನಾವು ಯಾವ ಕಾರು ಕೊಳ್ಳಬೇಕು ಎಂಬುದಕ್ಕಿಂತ ಇತರರು ಯಾವ ಕಾರು ಕೊಳ್ಳಬೇಕು ಎಂಬ ಬಗ್ಗೆ ಇಲ್ಲಿ ಒಮ್ಮತವಿದೆ: ಭಾರವಾದದ್ದು.

ಸುರಕ್ಷತೆಯ ವಿಚಾರದಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಗಂಟೆಗೆ 64 ಕಿ.ಮೀ. ವೇಗದಲ್ಲಿ ಕಾರನ್ನು ಅಡೆತಡೆಗೆ ಗುದ್ದಿಸಿ ನಕ್ಷತ್ರಗಳನ್ನು ಕೊಡುತ್ತದೆ. 2020ರಲ್ಲಿ ಟಿಯಾಗೊಗೆ ನಾಲ್ಕು ನಕ್ಷತ್ರ ಬಂತು. 2023ರಲ್ಲಿ ಪರೀಕ್ಷಿಸಿದ ಆಲ್ಟೊ ಕೆ10ಗೆ ವಯಸ್ಕರ ರಕ್ಷಣೆಯಲ್ಲಿ ಎರಡು, ವ್ಯಾಗನ್ ಆರ್‌ಗೆ ಒಂದು. ಮನೆಯ ಹಿರಿಯರು ಎಷ್ಟು ನಕ್ಷತ್ರ ಎಂದು ಕೇಳುವುದಿಲ್ಲ, ಯಾವ ನಕ್ಷತ್ರ ಎಂದು ಕೇಳುತ್ತಾರೆ. ಸಂಸ್ಥೆಯ ವರದಿಯಲ್ಲಿ ಇದರ ವಿವರ ಇಲ್ಲದಿರುವುದು ದೊಡ್ಡ ಕೊರತೆ. ಆ ಕೊರತೆಯನ್ನು ನಾಲ್ಕು ಚಕ್ರಗಳ ಕೆಳಗಿನ ನಾಲ್ಕು ನಿಂಬೆಹಣ್ಣು ಮತ್ತು ಒಂದು ಬೂದುಗುಂಬಳಕಾಯಿ ತುಂಬಿಕೊಡುತ್ತವೆ. ಈ ನಿಂಬೆಹಣ್ಣಿನ ಪರೀಕ್ಷೆಯಲ್ಲಿ ಕಾರು ಒಂದು ಅಡಿ ಮಾತ್ರ ಚಲಿಸುವುದರಿಂದ ಇದುವರೆಗೆ ಯಾವ ಮಾದರಿಯೂ ಅನುತ್ತೀರ್ಣವಾಗಿಲ್ಲ.

ನೋಂದಣಿ ಫಲಕ ಓದಬಲ್ಲವರಿಗೆ ಅದು ಶಾಸನವೇ. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು. ಅದಕ್ಕೆ ಮುಂಚೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ಆದುದರಿಂದ ಹಳೆಯ ಮನೆತನಗಳ ಅಂಗಳದಲ್ಲಿ ಕೆಎ-14, ಕೆಎ-16ರ ಜೀಪುಗಳು ಇಂದಿಗೂ ಗೋಚರಿಸುತ್ತವೆ, ಹೊಸ ಕಾರು ಕೆಎ-17. ಉಳಿದ ನಾಲ್ಕು ಅಂಕಿಗಳ ಮೊತ್ತ ಎಂಟು ಬರಬಾರದು. ಬಂದರೆ ಬೇರೆ ಸಂಖ್ಯೆಗೆ ಹೆಚ್ಚುವರಿ ಹಣ ತೆರಬೇಕಾಗುತ್ತದೆ. ಕೊನೆಗೆ ಈ ಹೆಚ್ಚುವರಿ ಹಣವು ಟಿಯಾಗೊ ಬಿಟ್ಟು ಕ್ವಿಡ್ ಕೊಂಡು ಉಳಿಸಿದ ಇಪ್ಪತ್ತೇಳು ಸಾವಿರಕ್ಕೆ ಹತ್ತಿರ ಹತ್ತಿರ ಇರುತ್ತದೆ.

ಬಣ್ಣದ ಆಯ್ಕೆಯಲ್ಲಿ ಪೂರ್ಣ ಸ್ವಾತಂತ್ರ್ಯವಿದೆ. ಬಿಳಿಯನ್ನು ಆರಿಸಬೇಕು.

ಇವೆಲ್ಲಕ್ಕಿಂತ ಕಡಿಮೆ ಖರ್ಚಿನ ವಾಹನವೊಂದು ಈ ಪಟ್ಟಿಯಲ್ಲಿ ಸೇರಿಲ್ಲವೆಂಬ ಆಕ್ಷೇಪ ಬರಬಹುದು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದಂದಿನಿಂದ ರಾಜ್ಯದ ಹೆಂಗಸರು ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಉಚಿತವಾಗಿ ಸಂಚರಿಸುತ್ತಿದ್ದಾರೆ. ಲೀಟರಿಗೆ ಎಷ್ಟು ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ನಮ್ಮದು ಖಾಸಗಿ ಬಸ್ಸುಗಳೇ ಹೆಚ್ಚಿರುವ ಸೀಮೆಯಾದ್ದರಿಂದ ಸರ್ಕಾರಿ ಬಸ್ಸಿಗೆ ತುಸು ಕಾಯಬೇಕು. ಆದರೂ ಯಜಮಾನರು ಅರಳಿಕಟ್ಟೆಯಲ್ಲಿ ಸೆಲೆರಿಯೊ, ಪಂಚ್‌ಗಳನ್ನು ತುಲನೆ ಮಾಡುತ್ತಿರುವ ಅವಧಿಯಲ್ಲಿ ಯಜಮಾನಿಯರು ಪುಕ್ಕಟೆಯಾಗಿ ದಾವಣಗೆರೆಗೆ ಹೋಗಿ, ಎರಡೂ ಕಾರುಗಳಲ್ಲಿ ಕುಳಿತು ನೋಡಿ, ತೀರ್ಮಾನ ಮಾಡಿ, ಮಂಡಕ್ಕಿ ಕಟ್ಟಿಸಿಕೊಂಡು ಮರಳಿರುತ್ತಾರೆ. ಆ ತೀರ್ಮಾನವನ್ನು ಯಜಮಾನರು ತಾವೇ ತಲುಪುವವರೆಗೆ ಪ್ರಕಟಿಸುವುದಿಲ್ಲ.

ಬುಕಿಂಗಿಗೆ ತೆರಳುವವರು ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಪಹಣಿ, ಎರಡು ಭಾವಚಿತ್ರ ಹಾಗೂ ಸೋದರಮಾವನವರನ್ನು ತಪ್ಪದೆ ಜೊತೆಗೆ ಒಯ್ಯತಕ್ಕದ್ದು. ದಾಖಲೆಗಳ ಜೆರಾಕ್ಸ್ ಪ್ರತಿ ಸಾಕು. ಸೋದರಮಾವನವರು ಮಾತ್ರ ಖುದ್ದಾಗಿ ಹಾಜರಿರಬೇಕು, ಅವರ ಪರವಾಗಿ ವಿಡಿಯೊ ಕಾಲ್ ಮಾನ್ಯವಾಗುವುದಿಲ್ಲ.